ಅಕಿ ಅಲ್ಲ, ಅಕ್ಕಿ: ಮನೆಯಲ್ಲಿ ಒತ್ತಕ್ಷರ ಓದಿಸುವುದು ಹೇಗೆ?

ನಮ್ಮ ಕೊಪ್ಪಳದ ಕಡೆ ಶಾಲೆಯ ಪಾಲಕರ ಸಭೆ ಅಂದರೆ ಮೊದಲು ಬಿಸಿಯೂಟದ ಮಾತು, ಆಮೇಲೆ ನಳದ ನೀರಿನ ಮಾತು. ಎಲ್ಲರೂ ಎದ್ದು ಚಪ್ಪಲಿ ಹುಡುಕುವ ಹೊತ್ತಿಗೆ ಒಬ್ಬ ತಾಯಿ ಹತ್ತಿರ ಬಂದು ಮೆಲ್ಲಗೆ ಕೇಳುತ್ತಾಳೆ: "ಅಕ್ಕಾರ, ನಮ್ಮ ಹುಡುಗ ಎಲ್ಲಾ ಓದ್ತಾನ್ರಿ, ಒತ್ತು ಬಂತಂದ್ರ ನಿಂತ್ ಬಿಡ್ತಾನ." ಒಂದರಿಂದ ಮೂರನೇ ತರಗತಿ ಮಕ್ಕಳ ನಡುವೆ ಕೂತು ನನಗೆ ಬಹಳ ವರ್ಷವಾದವು. ಆ ಮಾತು ಬದಲಾಗಿಲ್ಲ. ಮನೆಯಲ್ಲಿ ಅದಕ್ಕೆ ಮಾಡುವ ಔಷಧವೂ ಬದಲಾಗಿಲ್ಲ: "ಹತ್ತು ಸಲ ಬರಿ." ಹತ್ತು ಸಲ ತಪ್ಪು ಓದಿಕೊಳ್ಳುತ್ತಲೇ ಹತ್ತು ಸಲ ಸರಿ ಬರೆಯಬಲ್ಲ ಮಕ್ಕಳನ್ನು ನಾನು ನೋಡಿದ್ದೇನೆ. ಕೈ ಒಂದು ಕಡೆ, ಬಾಯಿ ಒಂದು ಕಡೆ.

ದಿನಕ್ಕೆ ಹದಿನೈದು ನಿಮಿಷ ಸಾಕು. ಸಂಜೆ ರೊಟ್ಟಿ ಬಡಿಯುವ ಹೊತ್ತೇ ಒಳ್ಳೆಯದು. ಮಗು ಒಲೆಯ ಹತ್ತಿರ ಕೂತಿರುತ್ತದೆ, ಟಿ.ವಿ. ಇನ್ನೂ ಶುರುವಾಗಿರುವುದಿಲ್ಲ.

ಮೊದಲು ಪರೀಕ್ಷೆ

ಮಗು ಕಣ್ಣಿನಿಂದ ಓದುತ್ತಿದೆಯೋ ನೆನಪಿನಿಂದ ಹೇಳುತ್ತಿದೆಯೋ ತಿಳಿದುಕೊಳ್ಳಿ. ಓದು ಬರದ ತಾಯಿಯೂ ಇದನ್ನು ಮಾಡಬಹುದು. ಪಾಠದ ಕೊನೆಯ ಸಾಲಿನ ನಡುವೆ ಎಲ್ಲಾದರೂ ಬೆರಳಿಟ್ಟು "ಇದೇನು?" ಅನ್ನಿ. ಮಗು ಬೆರಳು ನೋಡದೆ ಜಂತಿ ನೋಡಿತೋ, ಅಥವಾ ಮೊದಲ ಸಾಲಿನಿಂದ ಗುನುಗುತ್ತ ಬಂದು ಆ ಪದಕ್ಕೆ ಮುಟ್ಟಿತೋ, ಅದು ಬಾಯಿಪಾಠ. ಇನ್ನು ಮುಂದೆ ಕೆಳಗಿನ ಸಾಲಿನಿಂದ ಮೇಲಕ್ಕೆ ಓದಿಸಿ.

ಶಾಲೆಯ ಸಾಲು ಹಿಡಿಯಿರಿ

ಹತ್ತು ಸಲ ಬರೆಸುವುದು ಒಂದು ತಪ್ಪು. ಎರಡನೇ ತಪ್ಪು, ಮನೆಯಲ್ಲಿ ಅ ಆ ಇ ಈ ಎಂದು ಬೇರೆಯೇ ಗಾಡಿ ಹೂಡುವುದು. ಸರ್ಕಾರಿ ಶಾಲೆಯ ಚಿಕ್ಕ ತರಗತಿಗಳ ನಲಿಕಲಿ ಪದ್ಧತಿಯಲ್ಲಿ ಅಕ್ಷರಗಳು ಆ ಸಾಲಿನಲ್ಲಿ ಬರುವುದಿಲ್ಲ. ಮೊದಲು ರ ಗ ಸ ದ ಅ, ಆಮೇಲೆ ಜ ವ ಮ ಬ ನ. ಕಾರಣವಿದೆ: ಮೊದಲ ಐದೇ ಅಕ್ಷರದಲ್ಲಿ ಸರ, ದರ, ಅರಸ, ಅಗಸ, ಗರಗಸ ಎಂದು ಪದ ಹುಟ್ಟುತ್ತವೆ. ಅ ಆ ಇ ಈ ಕಲಿತ ಮಗುವಿಗೆ ವಾರ ಕಳೆದರೂ ಓದಲು ಒಂದು ಪದ ಸಿಗುವುದಿಲ್ಲ. 1995ರ ಸುಮಾರಿಗೆ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಈ ಪದ್ಧತಿ 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆ ಬಂತು. ಆದರೂ "ಇವ್ರು ಅ ಆ ಇ ಈ ಕಲಿಸಂಗಿಲ್ಲ" ಎಂಬ ದೂರು ಇಂದಿಗೂ ನಿಂತಿಲ್ಲ. ತರಗತಿಯ ಗೋಡೆಯ ಮೇಲೆ ಕಲಿಕೆಯ ಹಂತಗಳನ್ನು ಮೈಲುಗಲ್ಲುಗಳಾಗಿ ತೋರಿಸುವ ಕಲಿಕಾ ಏಣಿ ನೋಡಿ, "ನಮ್ಮ ಹುಡುಗಿ ಯಾವ ಮೈಲುಗಲ್ಲಿನ್ಯಾಗ ಅದಾಳ್ರಿ?" ಎಂದು ಕೇಳಿ. ಅಂಕ ಎಷ್ಟು ಅನ್ನುವುದಕ್ಕಿಂತ ಇದು ಒಳ್ಳೆಯ ಪ್ರಶ್ನೆ.

ಸಾಮಾನು

ಹಳೆಯ ಲಗ್ನಪತ್ರಿಕೆ, ಕತ್ತರಿ, ಸ್ಕೆಚ್ ಪೆನ್. ಪತ್ರಿಕೆಯ ಹಿಂಬದಿ ಖಾಲಿ ಇರುತ್ತದೆ, ಕಾಗದ ಗಟ್ಟಿ. ಬೆರಳುದ್ದದ ಚೀಟಿ ಕತ್ತರಿಸಿಕೊಳ್ಳಿ. ಸಂತೆಯಲ್ಲಿ ಸಿಗುವ ಹೊಳೆಯುವ ಅಕ್ಷರದ ಚಾರ್ಟ್ ಕೊಳ್ಳುವುದೇ ಆದರೆ ಮೊದಲು ಒಂದೊಂದೇ ಪದ ಓದಿ ನೋಡಿ. ಒತ್ತು ಕಳೆದುಹೋದ, ಅಲ್ಪಪ್ರಾಣ ಮಹಾಪ್ರಾಣ ಅದಲುಬದಲಾದ ಚಾರ್ಟ್‌ಗಳನ್ನು ನಾನೇ ಗೋಡೆಯಿಂದ ಕಿತ್ತಿದ್ದೇನೆ. ಚುಕ್ಕೆಯ ಮೇಲೆ ತಿದ್ದುವ ಕಾಪಿ ಪುಸ್ತಕ ನನಗೆ ಆಗಿ ಬರುವುದಿಲ್ಲ. ಮಗು ಚುಕ್ಕೆ ನೋಡುತ್ತದೆ, ಅಕ್ಷರ ನೋಡುವುದಿಲ್ಲ. ಮೊಬೈಲ್‌ನಲ್ಲಿ ಹಾಡಿ ಕುಣಿಯುವ ಅಕ್ಷರಗಳಂತೂ ಬೇಡವೇ ಬೇಡ. ಹಾಸುಗಲ್ಲಿನ ಮೇಲೆ ಬಳಪದಲ್ಲಿ ಅಂಗೈಯಗಲ ಬರೆದು ಒರೆಸುವುದಕ್ಕೆ ಸಮ ಯಾವುದೂ ಇಲ್ಲ.

ಕಾಗುಣಿತ ಬರುತ್ತದೆಯೋ ಇಲ್ಲವೋ ಒಮ್ಮೆ ನೋಡಿ: ಕಿ, ಮು, ಳಾ, ಟೆ ಎಂದು ಬಿಡಿಬಿಡಿಯಾಗಿ ತೋರಿಸಿದರೆ ಹೇಳಬೇಕು. ಹೇಳದಿದ್ದರೆ ಒತ್ತಿಗೆ ಕೈ ಹಾಕಬೇಡಿ.

ಒತ್ತು: ಗಂಟು ಅಣ್ಣನ ತಲೆ ಮೇಲೆ, ರೊಟ್ಟಿ ತಮ್ಮನದು

ಎಡವುವ ಜಾಗ ಇದೇ, ಹಾಗಾಗಿ ಸಾವಕಾಶ ಹೇಳುತ್ತೇನೆ.

"ಅಕ್ಕಿ" ಎಂದು ಬರೆದಿದೆ. ಮಗುವಿಗೆ ಕಾಣುವುದೇನು? ಅ. ಆಮೇಲೆ ಮೇಲೆ ಒಂದು ಕಿ. ಅದರ ಕೆಳಗೆ ಸಣ್ಣ ಕ. ಕಂಡದ್ದನ್ನು ಕಂಡಂತೆ ಓದಿದರೆ "ಅಕಿಕ". ನಾವು ಬೈಯುತ್ತೇವೆ. ಆದರೆ ಮಗು ತಪ್ಪು ಮಾಡಿಲ್ಲ, ಇಷ್ಟು ದಿನ ನಾವು ಕಲಿಸಿದ ನಿಯಮವನ್ನೇ ಪಾಲಿಸಿದೆ. ಮೇಲಿನ ಕಕಾರಕ್ಕೆ ಇಲ್ಲಿ ಸ್ವರವೇ ಇಲ್ಲ, ಅದು ಬರೀ "ಕ್". ತಲೆ ಮೇಲಿನ ಗುಡಿಸು ಕೆಳಗಿನ ಒತ್ತಿಗೆ ಸೇರಿದ್ದು. ಸ್ವರದ ಗುರುತು ಒಂದು ಕಡೆ, ಅದರ ಒಡೆಯ ಇನ್ನೊಂದು ಕಡೆ. ಇದನ್ನು ಯಾರೂ ಮಗುವಿಗೆ ಬಿಡಿಸಿ ಹೇಳಿರುವುದಿಲ್ಲ. ನಾನು ತರಗತಿಯಲ್ಲಿ ಹೇಳುವುದು ಹೀಗೆ: "ಅಣ್ಣ ತಮ್ಮ ಜಾತ್ರಿಗೆ ಹೊಂಟಾರ. ಗಂಟು ಅಣ್ಣನ ತಲಿ ಮ್ಯಾಲ ಐತಿ, ಗಂಟಿನ್ಯಾಗಿನ ರೊಟ್ಟಿ ತಮ್ಮಂದು." ಒಮ್ಮೆ ಹೇಳಿದರೆ ಮಕ್ಕಳು ಮರೆಯುವುದಿಲ್ಲ. "ರೊಟ್ಟಿ ಯಾರ್ದು?" ಎಂದರೆ ಸಾಕು, ಕಣ್ಣು ಕೆಳಗಿನ ಒತ್ತಿಗೆ ಇಳಿಯುತ್ತದೆ.

ಅಕ್ಷರ ತೋರಿಸುವ ಮುಂಚೆ ಎರಡು ದಿನ ಬರೀ ಬಾಯಿಯಲ್ಲಿ ಆಡಿ. ನಮ್ಮ ಕಡೆಯ ಮಾತೇ ಇದಕ್ಕೆ ವರ. ಅಕಿ ಅಂದರೆ ಅವಳು, ಅಕ್ಕಿ ಅಂದರೆ ಅಕ್ಕಿ. "ಅಕಿ ಅಕ್ಕಿ ತಂದ್ಲು" ಎಂದು ನಿಧಾನ ಹೇಳಿಸಿ. ಅಕ್... ಎಂದಲ್ಲಿ ಗಂಟಲು ಗಕ್ಕನೆ ನಿಲ್ಲಬೇಕು, ಎರಡು ಎಣಿಸಿ, ಆಮೇಲೆ ಕಿ. ಹೀಗೇ ಕಡಿ–ಕಡ್ಡಿ, ಬಳಿ–ಬಳ್ಳಿ, ಹಳಿ–ಹಳ್ಳಿ. ಕಿವಿಗೆ ವ್ಯತ್ಯಾಸ ಗೊತ್ತಾಗದ ಮಗುವಿಗೆ ಕಣ್ಣಿಗೂ ಗೊತ್ತಾಗುವುದಿಲ್ಲ.

ಮೂರನೇ ದಿನ ಚೀಟಿ ತೆಗೆಯಿರಿ. ಅ, ಕ್, ಕಿ ಮೂರನ್ನೂ ಸಾಲಾಗಿಡಿ. (ಕ್ ಅನ್ನು "ಅರ್ಧ ಕ" ಎಂದೇ ಕರೆಯಿರಿ. ವ್ಯಂಜನ, ಸಜಾತೀಯ ಮುಂತಾದ ಮಾತು ಈ ವಯಸ್ಸಿಗೆ ಹೊರೆ.) ಮಗು ಓದಲಿ: ಅ–ಕ್–ಕಿ. ಈಗ ಅದರ ಕೈಯಿಂದಲೇ ಕಿ ಚೀಟಿಯನ್ನು ಕ್ ಚೀಟಿಯ ಕೆಳಗೆ ಸರಿಸಿಸಿ. ಪಕ್ಕದಲ್ಲಿ ಬಳಪದಿಂದ "ಅಕ್ಕಿ" ಬರೆದು, ಗುಡಿಸು ಮೇಲೆ ಹೋದದ್ದು, ಒತ್ತು ಕೆಳಗೆ ಉಳಿದದ್ದು ತೋರಿಸಿ. ಮತ್ತೆ ಚೀಟಿ ಬಿಡಿಸಿ, ಮತ್ತೆ ಸೇರಿಸಿ. ಈ ಬಿಡಿಸಿ ಸೇರಿಸುವ ಕೆಲಸವನ್ನು ಅವಸರದಲ್ಲಿ ಬಿಟ್ಟವರೇ ಆರು ತಿಂಗಳಾದ ಮೇಲೆ ಮತ್ತೆ ಸಭೆಗೆ ಬಂದು ಅದೇ ಮಾತು ಹೇಳುವವರು. ಆಮೇಲೆ ಅದೇ ಒತ್ತಿನ ಮೇಲೆ ಗಂಟು ಬದಲಿಸಿ: ಅಕ್ಕ, ಅಕ್ಕಾ, ಹಕ್ಕಿ, ಬೆಕ್ಕು. ಎರಡು ಮೂರು ದಿನಕ್ಕೆ ಒಂದೇ ಒತ್ತು.

ಯಾವ ಪದದಿಂದ ಶುರು ಮಾಡಬೇಕು ಅನ್ನುವುದೂ ಮುಖ್ಯ. ಮನೆ ಮಂದಿಯ ಹೆಸರಲ್ಲೇ ಅರ್ಧ ಪಾಠ ಮುಗಿಯುತ್ತದೆ: ಅಪ್ಪ, ಅವ್ವ, ಅಕ್ಕ, ಅಣ್ಣ, ಅಜ್ಜ. ಆಮೇಲೆ ಅಡುಗೆಮನೆ: ರೊಟ್ಟಿ, ಉಪ್ಪು, ಹಿಟ್ಟು. ಎಣ್ಣೆ, ಅತ್ತೆ ಬೇಡ, ಅವು ಕೊನೆಗೆ. ಯಾಕೆಂದರೆ ನಾವು ಆಡುವುದು ಎಣ್ಣಿ, ಅತ್ತಿ. ಪುಸ್ತಕದಲ್ಲಿ ಎತ್ವ ಇರುತ್ತದೆ, ಮಗುವಿನ ಬಾಯಲ್ಲಿ ಗುಡಿಸು ಬರುತ್ತದೆ. ಅದು ಓದಿ ಹೇಳಿತೋ ಊಹಿಸಿ ಹೇಳಿತೋ ನಿಮಗೆ ತಿಳಿಯುವುದಿಲ್ಲ. ಆಡುವ ರೂಪವೂ ಬರೆಯುವ ರೂಪವೂ ಒಂದೇ ಇರುವ ಪದಗಳಲ್ಲಿ ಒತ್ತು ಗಟ್ಟಿಯಾದ ಮೇಲೆ "ನಾವು ಎಣ್ಣಿ ಅಂತೀವಿ, ಪುಸ್ತಕದಾಗ ಎಣ್ಣೆ ಅಂತ ಬರೀತಾರ" ಎಂದರೆ ಮಗು ಒಪ್ಪಿಕೊಳ್ಳುತ್ತದೆ. "ಎಣ್ಣಿ ಅನ್ನಬ್ಯಾಡ, ಅದು ತಪ್ಪು" ಅಂದಿರೋ, ಮರುದಿನದಿಂದ ಗಟ್ಟಿಯಾಗಿ ಓದುವುದನ್ನೇ ಬಿಡುತ್ತದೆ. ಮನೆಯ ಮಾತು ತಪ್ಪಲ್ಲ.

ಇನ್ನೊಂದು ತೊಡಕು ಆಕಾರದ್ದು. ಕ, ಪ, ಟ, ಜ, ಡ, ಳ ಮುಂತಾದವುಗಳ ಒತ್ತು ಹೆಚ್ಚುಕಡಿಮೆ ತಲೆಕಟ್ಟು ತೆಗೆದ ಅದೇ ಅಕ್ಷರ, ನೋಡಿದರೆ ಗುರುತು ಸಿಗುತ್ತದೆ. ತ, ನ, ಮ, ಯ, ರ, ಲ ಈ ಆರರ ಒತ್ತು ಮಾತ್ರ ತಾಯಿ ಅಕ್ಷರವನ್ನು ಹೋಲುವುದಿಲ್ಲ. ಅವನ್ನು ನೆನಪಿಟ್ಟುಕೊಂಡೇ ಕಲಿಯಬೇಕು, ಅಡ್ಡದಾರಿ ಇಲ್ಲ. ಹತ್ತಿ, ಅನ್ನ, ಅಮ್ಮ, ಅಯ್ಯ, ಬೆಲ್ಲ ಎಂದು ಐದು ಚೀಟಿ ಮಾಡಿ ಒಲೆಯ ಮೇಲಿನ ಗೋಡೆಗೆ ಅಂಟಿಸಿ. ರ-ಒತ್ತಿಗೆ ಚಕ್ರ ಸಾಕು.

ಇದು ಮಗುವಿನ ದಡ್ಡತನ ಅನ್ನುವವರನ್ನು ಒಮ್ಮೆ ನಮ್ಮ ಕೊಪ್ಪಳದ ಗವಿಮಠದ ಬೆಟ್ಟಕ್ಕೆ ಕರೆದೊಯ್ಯಬೇಕು. ಅಲ್ಲಿ ಅಶೋಕನ ಶಾಸನವಿದೆ, ಕ್ರಿ.ಪೂ. 3ನೇ ಶತಮಾನದ್ದು. ನಮ್ಮ ಕನ್ನಡ ಲಿಪಿಯ ಮೂಲವಾದ ಬ್ರಾಹ್ಮಿಯಲ್ಲೂ ಒತ್ತನ್ನು ಅಕ್ಷರದ ಕೆಳಗೇ ಪೇರಿಸುತ್ತಿದ್ದರು. ಅಷ್ಟು ಹಳೆಯ ಜಾಣತನವನ್ನು ಏಳು ವರ್ಷದ ಕೂಸು ಒಂದೇ ವಾರದಲ್ಲಿ ಬಿಡಿಸಬೇಕು ಅಂದರೆ ಹೇಗೆ?

ಅರ್ಕಾವತ್ತು ಕೊನೆಗೆ

ಇದು ಒತ್ತಿನ ತಿರುವುಮುರುವು. ಬರೆಯುವುದು ಅಕ್ಷರದ ನಂತರ, ಉಚ್ಚರಿಸುವುದು ಅಕ್ಷರದ ಮೊದಲು. ಮಿರ್ಚಿಯನ್ನು ಮಕ್ಕಳು "ಮಿಚ್ರಿ" ಎಂದು ಓದುವುದು ಅದಕ್ಕೇ. ಬೆರಳನ್ನು ಮಿ ಮೇಲಿಡಿ, ಚಿ ದಾಟಿಸಿ ಅರ್ಕಾವತ್ತಿಗೆ ಹಾರಿಸಿ "ರ್" ಅನ್ನಿಸಿ, ಹಿಂದಕ್ಕೆ ತಂದು "ಚಿ" ಅನ್ನಿಸಿ. ಕಪ್ಪೆ ಹಾರಿದಂತೆ ಮುಂದೆ ಒಂದು, ಹಿಂದೆ ಒಂದು. ಸಂಜೆ ಮಿರ್ಚಿ ಮಂಡಕ್ಕಿ ಬಂಡಿಯ ಮುಂದೆ ನಿಲ್ಲಿಸಿ ಬೋರ್ಡು ಓದಿಸಿ, ಓದಿದರೆ ಒಂದು ಕೊಡಿಸಿ. ನಾನು ಲಂಚದ ವಿರೋಧಿ, ಆದರೆ ಮಿರ್ಚಿಗೆ ವಿನಾಯಿತಿ ಇದೆ.

ಬೀದಿಯಲ್ಲಿ ಓದು

ಬಸ್ ನಿಲ್ದಾಣಕ್ಕಿಂತ ಒಳ್ಳೆಯ ಪುಸ್ತಕವಿಲ್ಲ. ಕೊಪ್ಪಳದಲ್ಲಿ ಪ್ಪ, ಬಳ್ಳಾರಿಯಲ್ಲಿ ಳ್ಳಾ, ಕುಷ್ಟಗಿಯಲ್ಲಿ ಷ್ಟ, ಮಸ್ಕಿಯಲ್ಲಿ ಸ್ಕಿ, ಯಲಬುರ್ಗಾದಲ್ಲಿ ಅರ್ಕಾವತ್ತು. ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ಎಂಬ ನಿಗಮದ ಹೆಸರಿನಲ್ಲೇ ಮೂರು ಬಗೆ ಸಿಗುತ್ತವೆ. ಬಸ್ಸು ತಡವಾಗಿ ಬರುವುದರಿಂದ ಆಗುವ ಲಾಭ ಇದೊಂದೇ. ರಾಯಚೂರು, ಸಿಂಧನೂರು, ಗಂಗಾವತಿ ಬೋರ್ಡುಗಳಲ್ಲಿ ಒತ್ತಿಲ್ಲ, ಅವು ಸುಸ್ತಾದ ಮಗುವಿಗೆ.

ಗಂಗಾವತಿ, ಸಿಂಧನೂರಿನ ಕ್ಯಾಂಪುಗಳಲ್ಲಿ, ಅಂದರೆ ಹೊರಗಿನಿಂದ ಬಂದವರು ನೆಲೆಸಿದ ಊರುಗಳಲ್ಲಿ, ತೆಲುಗು ಮನೆಮಾತಿನ ಮಕ್ಕಳು ಬಹಳ. "ನಮಗ ಕನ್ನಡ ಓದಾಕ ಬರಂಗಿಲ್ಲ" ಎಂದು ಅಲ್ಲಿನ ತಾತಂದಿರು ಹಿಂದೆ ಸರಿಯುತ್ತಾರೆ. ಸರಿಯಬೇಕಿಲ್ಲ. ತೆಲುಗು ಓದುವವರಿಗೆ ಗುಣಿಂತವೂ (ನಮ್ಮ ಕಾಗುಣಿತ) ಗೊತ್ತು, ಒತ್ತು ಕೆಳಗೆ ಕೂರುವುದೂ ಗೊತ್ತು. ಅಕ್ಷರಗಳೂ ಬಹುಪಾಲು ಅಕ್ಕತಂಗಿಯರೇ. ಅವರು ಸಿಕ್ಕಿಬೀಳುವುದು ಅರ್ಕಾವತ್ತಿನಲ್ಲಿ, ಈಗಿನ ತೆಲುಗು ಬರವಣಿಗೆಯಲ್ಲಿ ಅದು ಬಳಕೆಯಲ್ಲಿಲ್ಲ. ಅಲ್ಲಿ ಮೊಮ್ಮಗಳೇ ತಾತನಿಗೆ ಹೇಳಿಕೊಡಲಿ. ಹೇಳಿಕೊಟ್ಟಷ್ಟು ಗಟ್ಟಿಯಾಗಿ ಇನ್ನಾವುದೂ ಉಳಿಯುವುದಿಲ್ಲ.

ಬರೆಸುವುದು ಇಷ್ಟೆಲ್ಲ ಆದ ಮೇಲೆ. ಓದಬಲ್ಲ ಪದವನ್ನು ಎರಡು ಸಲ ಬರೆದರೆ ಸಾಕು.

ಎರಡು ತಿಂಗಳು ಬಿಡದೆ ಮಾಡಿದರೂ ಮಗು ಒತ್ತನ್ನು ಗುರುತಿಸದೆ ಪುಸ್ತಕವನ್ನು ಮೂಗಿನ ಹತ್ತಿರ ಹಿಡಿಯುತ್ತಿದ್ದರೆ ಬೈಗುಳ ನಿಲ್ಲಿಸಿ, ಡಾಕ್ಟರ್ ಹತ್ತಿರ ಅದರ ಕಣ್ಣು ತೋರಿಸಿ. ಒತ್ತು ಸಣ್ಣ ಅಕ್ಷರ, ದೃಷ್ಟಿ ಕಡಿಮೆ ಇದ್ದವರಿಗೆ ಮೊದಲು ಮಾಯವಾಗುವುದು ಅದೇ. ಶಾಲೆಗೆ ಆರೋಗ್ಯ ತಪಾಸಣೆಯವರು ಬರುವ ದಿನ ಮಗುವನ್ನು ಹತ್ತಿ ಬಿಡಿಸಲು ಕರೆದೊಯ್ಯಬೇಡಿ.

ಗುಳೆ ಹೋಗುವ ಮನೆಯವರಿಗೆ ಒಂದು ಮಾತು. ಮಗುವನ್ನು ಅಜ್ಜಿಯ ಹತ್ತಿರ ಬಿಟ್ಟು ಹೋಗುವುದಾದರೆ ಚೀಟಿಯ ಕಟ್ಟನ್ನು ಅಜ್ಜಿಯ ಕೈಗೆ ಕೊಟ್ಟು ಬೆರಳಿಡುವ ಪರೀಕ್ಷೆ ಕಲಿಸಿ ಹೋಗಿ. ಜೊತೆಗೆ ಕರೆದೊಯ್ಯುವುದಾದರೆ ಚೀಟಿಗೆ ರಬ್ಬರ್ ಹಾಕಿ ಬಟ್ಟೆಯ ಗಂಟಿನಲ್ಲಿಡಿ, ಯಾವ ಒತ್ತಿನವರೆಗೆ ಬಂದಿದೆ ಎಂದು ಮೇಲಿನ ಚೀಟಿಯ ಹಿಂದೆ ಟೀಚರ್ ಹತ್ತಿರ ಬರೆಸಿಕೊಳ್ಳಿ. ಊರಿಗೆ ಮರಳಿದ ಮರುದಿನವೇ ಮಗುವನ್ನೂ ಆ ಚೀಟಿಯನ್ನೂ ಶಾಲೆಗೆ ತನ್ನಿ. ಸೋಮವಾರ ಬರಲಿ ಎಂದು ಕಾಯಬೇಡಿ.