ಹಾಲಿನ ಸೊಸೈಟಿಗೆ ಸೋಲಾರ್: ಮಧ್ಯಾಹ್ನದ ಬಿಸಿಲಲ್ಲಿ ಸಂಜೆಯ ಹಾಲು ತಣಿಸಿದ್ದು (ನನ್ನ ಅನುಭವ)

ಹಾಲಿನ ಸೊಸೈಟಿಗೆ ಕರೆಂಟ್ ಬೇಕಾಗುವುದು ಬೆಳಗ್ಗೆ ಏಳರ ಹೊತ್ತಿಗೆ, ಮತ್ತೆ ಸಂಜೆ ಆರರ ಹೊತ್ತಿಗೆ. ಸೋಲಾರ್ ಪ್ಯಾನೆಲ್ ಚೆನ್ನಾಗಿ ಕೆಲಸ ಮಾಡುವುದು ಹತ್ತರಿಂದ ಮೂರರವರೆಗೆ. ಪ್ಯಾನೆಲ್ ಹಾಕಿಸುವ ಮೊದಲು ಕೇಳಬೇಕಾದ ಪ್ರಶ್ನೆ ಇದೇ. ಇದನ್ನು ಬಿಟ್ಟು ಎಲ್ಲರೂ ಸಬ್ಸಿಡಿ ಎಷ್ಟು ಅಂತ ಕೇಳುತ್ತಾರೆ.

ಉಡುಪಿ ಜಿಲ್ಲೆಯ ಬ್ರಹ್ಮಾವರ ಕಡೆಯ ಒಂದು ಹಾಲು ಉತ್ಪಾದಕರ ಸಹಕಾರ ಸಂಘದಲ್ಲಿ ನಾನು ಕಾರ್ಯದರ್ಶಿ. ನಮ್ಮಲ್ಲಿ ಬಿಎಂಸಿ ಇದೆ, ಅಂದರೆ ಹಾಲು ತಣಿಸುವ ದೊಡ್ಡ ಸ್ಟೀಲ್ ಟ್ಯಾಂಕ್. ಅಕ್ಕಪಕ್ಕದ ಸಂಘಗಳ ಕ್ಯಾನ್‌ಗಳೂ ಇಲ್ಲಿಗೇ ಬರುತ್ತವೆ. ಆಗಷ್ಟೇ ಕರೆದ ಹಾಲು ಸುಮಾರು 35 ಡಿಗ್ರಿ ಇರುತ್ತದೆ. ಅದನ್ನು ಬೇಗ 4 ಡಿಗ್ರಿಗೆ ಇಳಿಸಬೇಕು. ತಡವಾದರೆ ಹಾಲು ಹುಳಿಯಾಗುತ್ತದೆ. ಉಪ್ಪೂರಿನ ಡೈರಿಗೆ ಹೋದ ಮೇಲೆ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರೆ ನಷ್ಟ ಸದಸ್ಯರ ತಲೆಗೇ.

ನಮ್ಮ ಜಿಲ್ಲೆಯಲ್ಲಿ ಕರೆಂಟ್ ತಯಾರಾಗುವುದಕ್ಕೇನೂ ಕಮ್ಮಿ ಇಲ್ಲ. ವಾರಾಹಿ ಜಲವಿದ್ಯುತ್ ಸ್ಥಾವರದಲ್ಲಿ 460 ಮೆಗಾವಾಟ್, ಎಲ್ಲೂರಿನ ಕಲ್ಲಿದ್ದಲು ಸ್ಥಾವರದಲ್ಲಿ 1200 ಮೆಗಾವಾಟ್. ಆದರೆ ಜೂನ್ ತಿಂಗಳ ಗಾಳಿಗೆ ಒಂದು ಅಕೇಶಿಯಾ ಕೊಂಬೆ ಮುರಿದು 11 ಕೆವಿ ಲೈನಿನ ಮೇಲೆ ಬಿದ್ದರೆ ಸಾಕು, ಈ ಮೆಗಾವಾಟ್‌ಗಳೆಲ್ಲ ನಮಗೆ ಇದ್ದೂ ಇಲ್ಲದ ಹಾಗೆ. ಲೈನ್‌ಮ್ಯಾನ್‌ಗಳು ಸುರಿಯುವ ಮಳೆಯಲ್ಲಿ ಕಂಬ ಹತ್ತುವುದನ್ನು ನೋಡಿದವರಿಗೆ ಅವರನ್ನು ಬೈಯಲು ಮನಸ್ಸು ಬಾರದು. ಲೈನ್ ಸರಿಯಾಗುವವರೆಗೆ ಜನರೇಟರೇ ಗತಿಯಾಗಿತ್ತು.

ಒಂದು ಲೀಟರ್ ಡೀಸೆಲ್‌ಗೆ ನಮ್ಮಂಥ ಜನರೇಟರ್ ಮೂರು ಯೂನಿಟ್ ಕೊಟ್ಟರೆ ಹೆಚ್ಚು. ಲೀಟರಿಗೆ 90 ರೂಪಾಯಿ ಅಂತ ಹಿಡಿಯಿರಿ, ಯೂನಿಟ್‌ಗೆ 30 ರೂಪಾಯಿ ಬಿತ್ತು. ಹೊಗೆ ಬೇರೆ. ಮಹಾಸಭೆಯಲ್ಲಿ ಪರಿಸರದ ಮಾತು ತೆಗೆದಾಗ ಹಿಂದಿನ ಸಾಲಿನವರು ಚಾ ಕುಡಿಯಲು ಎದ್ದರು. ಮೂವತ್ತು ರೂಪಾಯಿ ಅಂದಾಗ ವಾಪಸ್ ಬಂದು ಕೂತರು!

ಮೊದಲು ಬಂದ ಒಬ್ಬ ಸೋಲಾರ್ ಏಜೆಂಟ್, ಕರೆಂಟ್ ಹೋದರೂ ಪ್ಯಾನೆಲ್‌ನಿಂದಲೇ ಕೂಲರ್ ಓಡುತ್ತದೆ ಅಂತ ಭರವಸೆ ಕೊಟ್ಟ. ಅವನ ಕೊಟೇಶನ್‌ನಲ್ಲಿ ಇದ್ದದ್ದು ಸಾಮಾನ್ಯ ಆನ್‌ಗ್ರಿಡ್ ಇನ್ವರ್ಟರ್, ಅಂದರೆ ಲೈನಿಗೆ ಜೋಡಿಸಿಯೇ ಓಡುವಂಥದ್ದು. ಲೈನ್ ಸತ್ತ ಕೂಡಲೇ ಅದೂ ಆಫ್ ಆಗುತ್ತದೆ, ಆಗಲೇಬೇಕು. ಇಲ್ಲದಿದ್ದರೆ ನಮ್ಮ ಮಾಡಿನ ಕರೆಂಟ್ ಲೈನಿಗೆ ಹರಿದು, ಅಲ್ಲಿ ರಿಪೇರಿ ಮಾಡುವವರ ಜೀವಕ್ಕೆ ಅಪಾಯ. ಬ್ಯಾಟರಿ ಸೇರಿಸಿದರೆ ಎಷ್ಟಾಗುತ್ತದೆ ಅಂತ ಕೇಳಿದೆವು. ಕಂಪ್ರೆಸರ್ ಶುರುವಾಗುವಾಗ ಒಮ್ಮೆಲೇ ಜಾಸ್ತಿ ಎಳೆಯುತ್ತದೆ, ಅದನ್ನು ತಡೆದುಕೊಳ್ಳುವ ಬ್ಯಾಟರಿ, ಇನ್ವರ್ಟರ್ ಎಲ್ಲ ಸೇರಿ ರೇಟು ನಮ್ಮ ಕೈಗೆ ಎಟುಕುವಂತಿರಲಿಲ್ಲ.

ಆಗ ಮಾತಾಡಿದ್ದು ಸಮಿತಿಯ ಹಿರಿಯರೊಬ್ಬರು. ಪ್ರಾಯದಲ್ಲಿ ಮಲ್ಪೆಯ ಐಸ್ ಪ್ಲಾಂಟ್‌ನಲ್ಲಿ ದುಡಿದವರು. "ಎಂತ ಮಾರಾಯ್ರೆ, ನಿಮಗೆ ಬೇಕಾದ್ದು ತಂಪು ಅಲ್ವಾ? ಐಸ್ ಮಾಡಿ ಇಟ್ಕೊಳ್ಳಿ."

ಡೈರಿಗಳಲ್ಲಿ ಐಸ್ ಬ್ಯಾಂಕ್ ಹೊಸದೇನಲ್ಲ. ದಪ್ಪ ಇನ್ಸುಲೇಷನ್ ಇರುವ ನೀರಿನ ತೊಟ್ಟಿ, ಒಳಗೆ ಸಾಲು ಸಾಲು ಪೈಪು. ಕಂಪ್ರೆಸರ್ ಓಡಿದಾಗ ಪೈಪಿನ ಸುತ್ತ ಐಸ್ ಕಟ್ಟುತ್ತದೆ. ಹಾಲು ಬಂದಾಗ ಆ ಐಸ್ ನೀರನ್ನು ಪಂಪ್ ಮಾಡಿ ಹಾಲಿನ ಟ್ಯಾಂಕಿನ ಗೋಡೆಯೊಳಗೆ ಸುತ್ತಿಸಿದರೆ ಆಯಿತು. 1000 ಲೀಟರ್ ಹಾಲನ್ನು 35ರಿಂದ 4 ಡಿಗ್ರಿಗೆ ತರಲು ಸುಮಾರು 375 ಕೆಜಿ ಐಸ್ ಕರಗಬೇಕು. ಅಷ್ಟು ಐಸ್ ಕಟ್ಟಲು ಹೆಚ್ಚುಕಮ್ಮಿ 15 ಯೂನಿಟ್. ಒಳ್ಳೆ ಬಿಸಿಲಿನ ದಿನ 10 ಕಿಲೋವಾಟ್ ಪ್ಯಾನೆಲ್‌ನಿಂದ 40 ಯೂನಿಟ್ ಸಿಗುತ್ತದೆ. ಈ ಲೆಕ್ಕವನ್ನು ಬೋರ್ಡಿನ ಮೇಲೆ ಬರೆದದ್ದೇ ತಡ, ಬ್ಯಾಟರಿಯ ಮಾತು ನಿಂತಿತು.

ಪ್ಯಾನೆಲ್, ಐಸ್ ಬ್ಯಾಂಕ್ ಎರಡನ್ನೂ ಹಾಕಿಸಿದೆವು. ಈಗ ಮಧ್ಯಾಹ್ನ ಮೂರು ಗಂಟೆಗೆ ತೊಟ್ಟಿಯ ಮುಚ್ಚಳ ಎತ್ತಿದರೆ ಪ್ರತಿ ಪೈಪಿನ ಮೇಲೂ ಎರಡು ಬೆರಳು ದಪ್ಪದ ಐಸ್, ಗಾಜಿನ ಹಾಗೆ. ಅದು ಜಾಸ್ತಿ ಆಗಲೂಬಾರದು. ಒಂದು ಪೈಪಿನ ಐಸ್ ಪಕ್ಕದ ಪೈಪಿನದಕ್ಕೆ ಅಂಟಿಕೊಂಡರೆ ನಡುವೆ ನೀರು ಹರಿಯಲು ದಾರಿ ಇರುವುದಿಲ್ಲ. ಎಷ್ಟು ಐಸ್ ಇದ್ದರೂ ಆಮೇಲೆ ಹಾಲು ತಣಿಯಲು ಗಂಟೆಗಟ್ಟಲೆ ಬೇಕು. ಅದಕ್ಕೆ ಐಸಿನ ದಪ್ಪ ನೋಡಿ ಕಂಪ್ರೆಸರ್ ನಿಲ್ಲಿಸುವ ಸೆನ್ಸರ್ ಇದೆ. ಅದನ್ನು ವಾರಕ್ಕೊಮ್ಮೆ ಒರೆಸಿಡುವುದು ನನ್ನದೇ ಕೆಲಸ.

ಹಾಲು ತಣಿಯುವ ಹೊತ್ತಿನಲ್ಲಿ ಕರೆಂಟ್ ಹೋದರೆ ಈಗ ಓಡಬೇಕಾದ್ದು ಐಸ್ ನೀರಿನ ಪಂಪು ಮತ್ತು ಹಾಲು ಕಲಕುವ ಸಣ್ಣ ಮೋಟಾರು ಮಾತ್ರ. ಅದಕ್ಕೆ ಬ್ಯಾಟರಿಯ ಒಂದು ಚಿಕ್ಕ ಇನ್ವರ್ಟರ್ ಸಾಕು.

ಇನ್ನೊಂದು ಅಗ್ಗದ ಕೆಲಸವನ್ನೂ ಮಾಡಿದೆವು. ಬಾವಿ ನೀರು ಇಲ್ಲಿ ವರ್ಷವಿಡೀ ಸುಮಾರು 27 ಡಿಗ್ರಿ. ಹಾಲು ಟ್ಯಾಂಕಿಗೆ ಬೀಳುವ ಮೊದಲು ಪ್ಲೇಟ್ ಕೂಲರ್‌ನಲ್ಲಿ (ತೆಳು ಸ್ಟೀಲ್ ತಟ್ಟೆಗಳ ಒಂದು ಬದಿ ಹಾಲು, ಇನ್ನೊಂದು ಬದಿ ನೀರು) ಬಾವಿ ನೀರಿನ ಪಕ್ಕ ಹಾದುಬಂದರೆ 30ಕ್ಕೆ ಇಳಿಯುತ್ತದೆ. ಆರರಲ್ಲಿ ಒಂದು ಪಾಲು ಕೆಲಸ ಅಲ್ಲೇ ಮುಗಿಯಿತು. ಆ ನೀರು ಸುಮ್ನೆ ಚರಂಡಿಗೆ ಹೋಗುವುದಿಲ್ಲ, ಹಿಂದಿನ ತೋಟಕ್ಕೆ ಹರಿಯುತ್ತದೆ.

ಕೇಂದ್ರದ ಸೋಲಾರ್ ಯೋಜನೆ ಪಿಎಂ ಸೂರ್ಯ ಘರ್‌ನಲ್ಲಿ 3 ಕಿಲೋವಾಟ್‌ಗೆ ಸಿಗುವ 78,000 ರೂಪಾಯಿ ಸಬ್ಸಿಡಿ ಮನೆಗಳಿಗೆ, ಸೊಸೈಟಿ ಕಟ್ಟಡಕ್ಕೆ ಅಲ್ಲ. ಕಟ್ಟಡ ನಿಧಿ ಮತ್ತು ಸಾಲದಲ್ಲೇ ಹೊಂದಿಸಿದೆವು. ಸದಸ್ಯರ ಬೋನಸ್ ಮುಟ್ಟಬಾರದು ಅಂತ ಹಾಲು ಹಾಕುವ ಅಕ್ಕಂದಿರು ಹಟ ಹಿಡಿದರು. ಅವರು ಹೇಳಿದ್ದೇ ಸರಿ. ನಮ್ಮ ಕರಾವಳಿಯವರಿಗೆ ಇನ್ನೊಂದು ಮಾತು: ತಾರಸಿಯ ಮೇಲಿನ ತಗಡಿನ ಶೀಟಿಗೆ ಪ್ಯಾನೆಲ್ ಕೂರಿಸುವುದಾದರೆ ಕೆಳಗಿನ ಕಬ್ಬಿಣ ಮೊದಲು ನೋಡಿ. ಉಪ್ಪು ಗಾಳಿಗೆ ಬೋಲ್ಟ್‌ಗಳೇ ಮೊದಲು ಹೋಗುವುದು. ಸ್ಟೇನ್‌ಲೆಸ್ ಹಾಕಿಸಿ.

ಮಳೆಗಾಲದಲ್ಲಿ ಪ್ಯಾನೆಲ್ ಅರ್ಧವೂ ಕೊಡುವುದಿಲ್ಲ. ಆಗ ನಮ್ಮ ಐಸ್ ಹೆಚ್ಚಾಗಿ ಮೆಸ್ಕಾಂ ಕರೆಂಟಿನದು. ನಡುರಾತ್ರಿಯೋ ಮಧ್ಯಾಹ್ನವೋ, ಲೈನ್ ಇದ್ದಾಗ ಕಟ್ಟಿಕೊಳ್ಳುತ್ತದೆ. ಅದರಲ್ಲಿ ಕಲ್ಲಿದ್ದಲಿನ ಪಾಲೂ ಉಂಟು, ಮುಚ್ಚಿಡುವುದೇನು? ಆದರೂ ದೇಶದ ಗ್ರಿಡ್‌ನಲ್ಲಿ ಯೂನಿಟ್‌ಗೆ ಸುಮಾರು 0.7 ಕೆಜಿ ಇಂಗಾಲದ ಡೈಆಕ್ಸೈಡ್ ಆದರೆ ಜನರೇಟರ್‌ನದು 0.9ರ ಹತ್ತಿರ. ದುಡ್ಡಿನಲ್ಲಂತೂ ಹೋಲಿಕೆಯೇ ಇಲ್ಲ.

ನಮ್ಮದು ಕರೆಂಟ್ ಹಂಚುವ ಸಂಘವಲ್ಲ. ರಾಜ್ಯದಲ್ಲಿ ಅಂಥದ್ದು ಬೆಳಗಾವಿ ಜಿಲ್ಲೆಯ ಹುಕ್ಕೇರಿಯಲ್ಲಿದೆ, 1969ರಲ್ಲಿ ಶುರುವಾದದ್ದು. ಅಮೆರಿಕದಲ್ಲಿ 1936ರ ಗ್ರಾಮೀಣ ವಿದ್ಯುದೀಕರಣ ಕಾಯ್ದೆಯಿಂದ ಬೆಳೆದ ಅಂಥ ಸಂಘಗಳು ಇವತ್ತಿಗೂ 900ರ ಆಸುಪಾಸು ಇವೆ. ಅವುಗಳಲ್ಲಿ ಕೆಲವು, ಬೇಡಿಕೆ ಏರಿದ ಹೊತ್ತಿನಲ್ಲಿ ಸದಸ್ಯರ ಮನೆಯ ವಾಟರ್ ಹೀಟರ್ ನಿಲ್ಲಿಸಿ ರಾತ್ರಿ ಕಾಯಿಸುತ್ತವೆ. ಅವರು ಬಿಸಿನೀರು ಕೂಡಿಡುತ್ತಾರೆ, ನಾವು ಐಸ್. ದುಬಾರಿ ಹೊತ್ತಿನ ಕರೆಂಟ್ ತಪ್ಪಿಸುವ ಉಪಾಯ ಎರಡೂ ಕಡೆ ಒಂದೇ.

ಇನ್ನು ಜನರೇಟರ್ ಮಾರೋಣ ಅಂತ ಸಮಿತಿಯಲ್ಲಿ ಇಬ್ಬರು ಹೇಳುತ್ತಿದ್ದಾರೆ. ನಾನು ಒಪ್ಪಿಲ್ಲ. ಸಾಲಾಗಿ ಕಂಬ ಉರುಳಿ ಎರಡು ದಿನ ಕರೆಂಟ್ ಬಾರದಿದ್ದರೆ ಐಸೂ ಮುಗಿಯುತ್ತದೆ. ಜನರೇಟರ್ ಓಡುವಾಗ ಸೋಲಾರ್ ತಾನಾಗಿ ಬೇರೆಯಾಗುವಂತೆ ಚೇಂಜ್‌ಓವರ್ ಸ್ವಿಚ್ ಹಾಕಿಸಿದ್ದೇವೆ. ಇಲ್ಲದಿದ್ದರೆ ಒಂದರ ಕರೆಂಟ್ ಇನ್ನೊಂದಕ್ಕೆ ನುಗ್ಗಿ ಯಂತ್ರ ಹಾಳು. ಜನರೇಟರನ್ನು ತಿಂಗಳಿಗೊಮ್ಮೆ ಹತ್ತು ನಿಮಿಷ ಓಡಿಸಿ, ಬ್ಯಾಟರಿಗೆ ಡಿಸ್ಟಿಲ್ಡ್ ನೀರು ನೋಡಿ, ಡೀಸೆಲ್ ಅರ್ಧ ಟ್ಯಾಂಕ್ ಇಟ್ಟರೆ ಸಾಕು.