ಓವನ್‌ನಲ್ಲಿ ನಾಲ್ಕೇ ಜಾಗ: ನಮ್ಮನೆಯ ಥ್ಯಾಂಕ್ಸ್‌ಗಿವಿಂಗ್ ಊಟ

ನಾವು ಅಮೆರಿಕದ ನಾರ್ತ್ ಕ್ಯಾರೊಲೈನಾ ರಾಜ್ಯದ ಕ್ಯಾರಿ ಊರಿಗೆ ಬಂದು ಹನ್ನೊಂದು ವರ್ಷ ಆಯಿತು. ಮೊದಲ ಐದಾರು ವರ್ಷ ನವೆಂಬರ್ ತಿಂಗಳ ನಾಲ್ಕನೇ ಗುರುವಾರ ಬರುವ, ಕೃತಜ್ಞತೆ ಹೇಳುವ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಅಂದರೆ ನಮಗೆ ಬರೀ ಒಂದು ರಜೆ. ತಡವಾಗಿ ಏಳುವುದು, ಮಧ್ಯಾಹ್ನ ಬಿಸಿಬೇಳೆಬಾತ್ ಮಾಡಿಕೊಂಡು ತಿನ್ನುವುದು, ಅಷ್ಟೇ. ಮಗಳು ಶಾಲೆಗೆ ಹೋಗಲು ಶುರು ಮಾಡಿದ ಮೇಲೆ ಒಂದು ದಿನ ಕೇಳಿದಳು, "ಅಮ್ಮ, ಎಲ್ಲರ ಮನೇಲೂ ಥ್ಯಾಂಕ್ಸ್‌ಗಿವಿಂಗ್ ಊಟ ಇರುತ್ತೆ. ನಮ್ಮನೇಲಿ ಯಾಕಿಲ್ಲ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ವರ್ಷದಿಂದ ಮಾಡುತ್ತಾ ಬಂದಿದ್ದೇನೆ. ಕಳೆದ ಸಲಕ್ಕೆ ಐದನೇ ವರ್ಷ. ಹದಿನಾಲ್ಕು ಜನ ಊಟಕ್ಕೆ ಕೂತಿದ್ದರು.

ನಮ್ಮದು ಸಸ್ಯಾಹಾರಿ ಮನೆ. ಅತ್ತೆ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಹಾಗಾದರೆ ಈ ಊಟದ ಮುಖ್ಯ ಐಟಂ, ಟರ್ಕಿ ಕೋಳಿ? ಅದು ಎದುರು ಮನೆಯಿಂದ ಬರುತ್ತದೆ. ಅಲ್ಲಿನ ಅಜ್ಜ ಅಜ್ಜಿ ಇಬ್ಬರೂ ಇದೇ ರಾಜ್ಯದ ಪೂರ್ವ ಭಾಗದವರು. ಅವರ ಮಕ್ಕಳು ದೂರದ ಊರುಗಳಲ್ಲಿದ್ದಾರೆ. ಅಜ್ಜ ಅವರ ಮನೆಯಲ್ಲೇ ಟರ್ಕಿ ಬೇಯಿಸಿ, ಹೆಚ್ಚಿ, ಮುಚ್ಚಿದ ತಟ್ಟೆಯಲ್ಲಿ ತರುತ್ತಾರೆ. ಅದನ್ನು ಇಡಲು ಬೇರೆ ಟೇಬಲ್, ಬೇರೆ ಸೌಟು. ಉಳಿದ ಎಲ್ಲಾ ಸೈಡ್ ಡಿಶ್ ನನ್ನ ಜವಾಬ್ದಾರಿ. ಈ ಏರ್ಪಾಡು ಆದ ಮೇಲೆ ನನಗೆ ಒಂದು ವಿಷಯ ಗೊತ್ತಾಯಿತು. ಟರ್ಕಿ ಫೋಟೋದಲ್ಲಿ ದೊಡ್ಡದಾಗಿ ಕಾಣುತ್ತದೆ, ನಿಜ. ಆದರೆ ಜನ ವರ್ಷವಿಡೀ ನೆನೆಸಿಕೊಳ್ಳುವುದು ಅದರ ಜೊತೆ ಬಡಿಸುವುದನ್ನು. ನಮ್ಮ ಎಲೆ ಊಟವೂ ಹಾಗೇ ಅಲ್ವಾ? ಅನ್ನ ಮಧ್ಯದಲ್ಲಿರುತ್ತದೆ. ರುಚಿ ಇರುವುದು ಸುತ್ತಲಿನ ಪಲ್ಯ, ಗೊಜ್ಜು, ಕೋಸಂಬರಿಯಲ್ಲಿ.

ಮೊದಲ ವರ್ಷ ನಾನು ಏಳು ಬಗೆ ಮಾಡಲು ಹೊರಟೆ. ಏಳೂ ಓವನ್‌ನಲ್ಲಿ ಆಗಬೇಕಾದವು. ಒಂದಕ್ಕೆ 350 ಡಿಗ್ರಿ ಫ್ಯಾರನ್‌ಹೀಟ್, ಇನ್ನೊಂದಕ್ಕೆ 400, ಮತ್ತೊಂದಕ್ಕೆ 425. ಎರಡು ಗಂಟೆಗೆ ಊಟ ಅಂತ ಕರೆದಿದ್ದೆ, ಬಡಿಸಿದ್ದು ನಾಲ್ಕೂವರೆಗೆ. ಮೊದಲು ಬೆಂದದ್ದು ತಣ್ಣಗಾಗಿತ್ತು, ಕೊನೆಯದು ಒಳಗೆ ಹಸಿ ಇತ್ತು. ಅದಕ್ಕಿಂತ ಬೇಸರವಾದದ್ದು ಬೇರೆ. ಸ್ಟಫಿಂಗ್, ಅಂದರೆ ಟರ್ಕಿಯೊಳಗೆ ತುಂಬುವ ಬ್ರೆಡ್ ಮಿಶ್ರಣಕ್ಕೆ ಅಂಗಡಿಯಿಂದ ಒಂದು ಪ್ಯಾಕೆಟ್ ತಂದಿದ್ದೆ. ಬ್ರೆಡ್ ತುಂಡು, ಒಣಗಿದ ಸೊಪ್ಪು, ಮತ್ತೇನಿರುತ್ತದೆ ಅಂದುಕೊಂಡಿದ್ದೆ. ಬಡಿಸುವ ಹೊತ್ತಿಗೆ ನಮ್ಮನೆಯವರು ಪ್ಯಾಕೆಟ್ ತಿರುಗಿಸಿ ಓದಿದರು. ಅದರಲ್ಲಿ ಕೋಳಿಯ ಸಾರದ ಪುಡಿ ಇತ್ತು. ಅತ್ತೆ ಏನೂ ಅನ್ನಲಿಲ್ಲ. ಮೊಸರನ್ನ ಕಲಸಿಕೊಂಡು ತಿಂದರು. ಹಬ್ಬದ ದಿನ ಮನೆಯ ಹಿರಿಯರು ಮೊಸರನ್ನ ತಿಂದು ಎದ್ದರಲ್ಲ ಅಂತ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಮರುವರ್ಷ ಅಡುಗೆಗೆ ಮುಂಚೆ ಎರಡು ಕೆಲಸ ಮಾಡಿದೆ. ಬರುವ ಪ್ರತಿಯೊಬ್ಬರಿಗೂ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದೆ: "ಯಾವ ಒಂದು ಐಟಂ ಇಲ್ಲದಿದ್ದರೆ ನಿಮಗೆ ಈ ಹಬ್ಬ ಹಬ್ಬ ಅನ್ನಿಸುವುದಿಲ್ಲ?" ಏನೇನು ಇಷ್ಟ ಅಂತ ಕೇಳಿದರೆ ಪಟ್ಟಿ ಮುಗಿಯುವುದೇ ಇಲ್ಲ. ಒಂದೇ ಒಂದು ಅಂದರೆ ಜನ ಸ್ವಲ್ಪ ಹೊತ್ತು ಯೋಚಿಸಿ ನಿಜ ಹೇಳುತ್ತಾರೆ. ಎದುರು ಮನೆ ಅಜ್ಜಿ ತಕ್ಷಣ "ಕಾರ್ನ್‌ಬ್ರೆಡ್ ಡ್ರೆಸಿಂಗ್" ಅಂದರು. ಉತ್ತರದ ರಾಜ್ಯಗಳಲ್ಲಿ ಸ್ಟಫಿಂಗ್ ಅನ್ನುವುದನ್ನು ದಕ್ಷಿಣದಲ್ಲಿ ಡ್ರೆಸಿಂಗ್ ಅನ್ನುತ್ತಾರೆ, ಹಕ್ಕಿಯೊಳಗೆ ತುಂಬದೆ ಟ್ರೇಯಲ್ಲೇ ಬೇಯಿಸುತ್ತಾರೆ. ನಮ್ಮಂಥ ಮನೆಗೆ ಅದೇ ಅನುಕೂಲ. ಅಜ್ಜನಿಗೆ ಮ್ಯಾಕ್ ಅಂಡ್ ಚೀಸ್, ಅಂದರೆ ಚೀಸ್ ಸಾಸ್‌ನಲ್ಲಿ ಬೆರೆಸಿದ ಮ್ಯಾಕರೋನಿ ಬೇಕು. ಮಗಳಿಗೆ ಮಾರ್ಷ್‌ಮೆಲೋ ಅನ್ನುವ ಮೆತ್ತನೆಯ ಮಿಠಾಯಿ ಹಾಕಿದ ಸಿಹಿಗೆಣಸು. ನಮ್ಮನೆಯವರ ಆಫೀಸಿನ ಗೆಳೆಯರು ಒಬ್ಬರಿಗೆ ಗ್ರೀನ್ ಬೀನ್ ಕ್ಯಾಸರೋಲ್ (ಓವನ್ ಟ್ರೇಯಲ್ಲಿ ಬೇಯಿಸುವ ಹುರುಳಿಕಾಯಿ ಅಡುಗೆ), ಅವರ ಹೆಂಡತಿಗೆ ಆಲೂಗಡ್ಡೆ ಮ್ಯಾಶ್ ಮತ್ತು ಗ್ರೇವಿ. ಅತ್ತೆ ಮಾತ್ರ, "ನಂಗೇನು ಗೊತ್ತಮ್ಮ, ನೀನು ಮಾಡಿದ್ದು" ಅಂದರು. ಅವರ ಉತ್ತರ ಸಿಗಲು ಇನ್ನೂ ಎರಡು ವರ್ಷ ಹಿಡಿಯಿತು.

ಎರಡನೇ ಕೆಲಸ, ಟೇಪ್ ಹಿಡಿದು ಓವನ್ ಅಳೆದದ್ದು. ಇಲ್ಲಿನ ಕ್ಯಾಸರೋಲ್ ಟ್ರೇ ಸಾಮಾನ್ಯವಾಗಿ 9 ಇಂಚು ಅಗಲ, 13 ಇಂಚು ಉದ್ದ. ನಮ್ಮ ಓವನ್‌ನ ಒಂದು ಅಂತಸ್ತಿನಲ್ಲಿ ಅಂಥವು ಎರಡು ಪಕ್ಕಪಕ್ಕ ಕೂರುತ್ತವೆ. ಎರಡು ಅಂತಸ್ತು, ಒಟ್ಟು ನಾಲ್ಕು ಟ್ರೇ. ಅಷ್ಟೇ ಜಾಗ. ಹಾಗಾಗಿ ಓವನ್‌ಗೆ ನಾಲ್ಕೇ ಐಟಂ ಅಂತ ನಿಯಮ ಮಾಡಿದೆ. ಉಳಿದದ್ದು ಒಲೆಯ ಮೇಲೆ ಆಗಬೇಕು, ಇಲ್ಲವೇ ತಣ್ಣಗೇ ತಿನ್ನುವಂಥದ್ದಾಗಿರಬೇಕು. ಆ ನಾಲ್ಕೂ ಒಂದೇ ಉರಿಯಲ್ಲಿ ಆಗಬೇಕು: 375 ಡಿಗ್ರಿ, ಅಂದರೆ 190 ಸೆಲ್ಸಿಯಸ್. ಪುಸ್ತಕದಲ್ಲಿ 350 ಅಂತ ಇದ್ದರೆ ಐದು ನಿಮಿಷ ಕಡಿಮೆ ಇಡುತ್ತೇನೆ. ಯಾವುದೂ ಕೆಟ್ಟಿಲ್ಲ. ಈ ಒಂದು ಲೆಕ್ಕ ನನಗೆ ಯಾವ ರೆಸಿಪಿಗಿಂತಲೂ ಹೆಚ್ಚು ಸಹಾಯ ಮಾಡಿದೆ.

ಅಳತೆಯ ವಿಷಯದಲ್ಲೂ ಮೊದಲು ತಪ್ಪಿದ್ದೆ. ತಲೆಗೆ ಅರ್ಧ ಪೌಂಡ್ ಆಲೂಗಡ್ಡೆ ಅಂತ ಎಲ್ಲ ಕಡೆ ಬರೆದಿರುತ್ತದೆ. ಅದು ಆಲೂಗಡ್ಡೆ ಜೊತೆ ಇನ್ನೊಂದೆರಡು ಐಟಂ ಇದ್ದಾಗ ಸರಿ. ಎಂಟು ಬಗೆ ಇದ್ದರೆ ಯಾರೂ ಒಂದೊಂದನ್ನೂ ಅರ್ಧ ಕಪ್‌ಗಿಂತ ಜಾಸ್ತಿ ಬಡಿಸಿಕೊಳ್ಳುವುದಿಲ್ಲ. ಒಂದು ಟ್ರೇ ತುಂಬ ಮಾಡಿದರೆ ಹದಿನಾಲ್ಕು ಜನಕ್ಕೆ ಧಾರಾಳ, ಎರಡನೇ ಸಲಕ್ಕೂ ಉಳಿಯುತ್ತದೆ. ಆಲೂಗಡ್ಡೆ 5 ಪೌಂಡಿನ ಒಂದು ಚೀಲ ಸಾಕು.

ಈಗ ಒಂದೊಂದಾಗಿ ಹೇಳುತ್ತೇನೆ.

ಡ್ರೆಸಿಂಗ್ ಬಗ್ಗೆ ಜಾಸ್ತಿ ಹೇಳಬೇಕು. ನಾನು ತುಂಬಾ ಕಲಿತದ್ದು ಅದರಲ್ಲೇ. ಮಂಗಳವಾರ ಮೆಕ್ಕೆಜೋಳದ ಹಿಟ್ಟಿನ ಕಾರ್ನ್‌ಬ್ರೆಡ್ ಮಾಡುತ್ತೇನೆ. ಮೆಕ್ಕೆಜೋಳದ ತರಿ ಹಿಟ್ಟು, ಸ್ವಲ್ಪ ಮೈದಾ, ಬೇಕಿಂಗ್ ಸೋಡಾ, ಮೊಟ್ಟೆ ಬದಲು ಹುಳಿ ಮಜ್ಜಿಗೆ ಜಾಸ್ತಿ. ಸಕ್ಕರೆ ಹಾಕುವುದಿಲ್ಲ, ಡ್ರೆಸಿಂಗ್‌ಗೆ ಸಿಹಿ ಬ್ರೆಡ್ ಹೊಂದುವುದಿಲ್ಲ. ಅದನ್ನು ಪುಡಿಯಾಗಿ ಮುರಿದು, ಜೊತೆಗೆ ಬಿಳಿ ಬ್ರೆಡ್ ತುಂಡು ಮಾಡಿ, ಇಡೀ ರಾತ್ರಿ ದೊಡ್ಡ ತಟ್ಟೆಯಲ್ಲಿ ಹರವಿ ಒಣಗಿಸುತ್ತೇನೆ. ಒಣಗದಿದ್ದರೆ ಮುದ್ದೆಯಾಗುತ್ತದೆ. ಬುಧವಾರ ಎರಡು ಈರುಳ್ಳಿ, ನಾಲ್ಕು ದಂಟು ಸೆಲರಿ ಸಣ್ಣಗೆ ಹೆಚ್ಚಿ, ಒಂದು ಕಡ್ಡಿ ಬೆಣ್ಣೆಯಲ್ಲಿ, ಅಂದರೆ 113 ಗ್ರಾಂ, ಮೆತ್ತಗಾಗುವವರೆಗೆ ಬಾಡಿಸುತ್ತೇನೆ. ಒಣಗಿದ ಸೇಜ್ ಎಲೆ ಎರಡು ಚಮಚ. ಈ ಹಬ್ಬದ ಪರಿಮಳ ಅಂದರೆ ಸೇಜ್. ನಮ್ಮ ಸಾರಿಗೆ ಇಂಗಿನ ಒಗ್ಗರಣೆ ಹೇಗೋ ಇದಕ್ಕೆ ಅದು ಹಾಗೆ. ಕೋಳಿ ಸಾರದ ಬದಲು ಈರುಳ್ಳಿ, ಕ್ಯಾರೆಟ್, ಸೆಲರಿ, ಅಣಬೆ ಕುದಿಸಿ ಸೋಸಿದ ನೀರು, ಸುಮಾರು ಮೂರು ಕಪ್. ಒಮ್ಮೆಗೇ ಸುರಿಯಬಾರದು. ಕೈಯಲ್ಲಿ ಹಿಡಿದು ಒತ್ತಿದರೆ ಉಂಡೆ ನಿಲ್ಲಬೇಕು, ನೀರು ಜಿನುಗಬಾರದು. ಎದುರು ಮನೆ ಅಜ್ಜಿ ಮೊದಲ ತುತ್ತು ತಿಂದು, "ಕಂದಾ, ಇದರಲ್ಲಿ ಕೋಳಿ ಇಲ್ಲ ಅಂದರೆ ನಮ್ಮಮ್ಮ ನಂಬುತ್ತಿರಲಿಲ್ಲ" ಅಂದರು. ಅಣಬೆಯನ್ನು ಸ್ವಲ್ಪ ಕೆಂಪಗೆ ಹುರಿದು ಕುದಿಸಿದ್ದರಿಂದ ಆ ರುಚಿ ಬಂದದ್ದು.

ಗ್ರೀನ್ ಬೀನ್ ಕ್ಯಾಸರೋಲ್‌ಗೆ ಒಂದು ಊರು, ಒಂದು ವರ್ಷ, ಒಬ್ಬ ಹೆಂಗಸಿನ ಹೆಸರು ಇದೆ. 1955ರಲ್ಲಿ ನ್ಯೂಜೆರ್ಸಿಯ ಕ್ಯಾಮ್ಡೆನ್‌ನಲ್ಲಿ ಕ್ಯಾಂಪ್‌ಬೆಲ್ ಸೂಪ್ ಕಂಪನಿಯ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಿದ್ದ ಡಾರ್ಕಸ್ ರೈಲಿ ಇದನ್ನು ರೂಪಿಸಿದರು. ಹುರುಳಿಕಾಯಿ, ಡಬ್ಬಿಯ ಅಣಬೆ ಸೂಪು, ಹಾಲು, ಸೋಯಾ ಸಾಸ್, ಕಾಳುಮೆಣಸಿನ ಪುಡಿ, ಮೇಲೆ ಕರಿದ ಈರುಳ್ಳಿ. ಆರೇ ಸಾಮಾನು, ಯಾವ ಮನೆಯಲ್ಲೂ ಸಿಗುವಂಥವು. ಮನೆಯಲ್ಲಿ ದುಡಿಯುವ ಹೆಂಗಸಿನ ಕಷ್ಟ ಗೊತ್ತಿದ್ದವರು ಮಾಡಿದ ಅಡುಗೆ ಅದು, ನನಗೆ ಅದರ ಮೇಲೆ ತುಂಬಾ ಗೌರವ. ನಾನು ಸೂಪನ್ನು ಮನೆಯಲ್ಲೇ ಮಾಡುತ್ತೇನೆ: ಬೆಣ್ಣೆ, ಮೈದಾ, ಹಾಲು, ಅಣಬೆ. ಎಳೆ ಹುರುಳಿಕಾಯಿಯನ್ನು ಉಪ್ಪು ನೀರಲ್ಲಿ ನಾಲ್ಕೇ ನಿಮಿಷ ಕುದಿಸಿ ತಣ್ಣೀರಿಗೆ ಹಾಕುತ್ತೇನೆ. ಕರಿದ ಈರುಳ್ಳಿಗೆ ಮಾತ್ರ ಅಂಗಡಿ ಡಬ್ಬಿಯೇ ಸರಿ. ಅದನ್ನು ಕೊನೆಯ ಐದು ನಿಮಿಷ ಹಾಕಬೇಕು, ಮೊದಲೇ ಹಾಕಿದರೆ ಮೆತ್ತಗಾಗುತ್ತದೆ.

ಮ್ಯಾಕ್ ಅಂಡ್ ಚೀಸ್‌ನಲ್ಲಿ ಗಮನಿಸಬೇಕಾದ್ದು ಚೀಸ್. ಕೆಲವು ಚೀಸ್‌ಗೆ ಹಾಲು ಗಟ್ಟಿಯಾಗಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ. ಲೇಬಲ್‌ನಲ್ಲಿ ಮೈಕ್ರೋಬಿಯಲ್ ರೆನೆಟ್ ಅಥವಾ ವೆಜಿಟೇರಿಯನ್ ರೆನೆಟ್ ಅಂತ ಇರುವುದನ್ನು ನೋಡಿ ತರುತ್ತೇನೆ. ಇಲ್ಲಿನವರು ಮೊಟ್ಟೆ ಒಡೆದು ಹಾಕುತ್ತಾರೆ, ನಾನು ವೈಟ್ ಸಾಸ್‌ನಲ್ಲೇ ಮಾಡುತ್ತೇನೆ.

ಸಿಹಿಗೆಣಸು ಈ ರಾಜ್ಯದ ಬೆಳೆ. ಇಡೀ ಅಮೆರಿಕದಲ್ಲಿ ಅತಿ ಹೆಚ್ಚು ಗೆಣಸು ಬೆಳೆಯುವುದು ನಾರ್ತ್ ಕ್ಯಾರೊಲೈನಾ. ಹಾಗಾಗಿ ನವೆಂಬರ್‌ನಲ್ಲಿ ಇಲ್ಲಿ ಒಳ್ಳೆಯ ಗೆಣಸು ಅಗ್ಗಕ್ಕೆ ಸಿಗುತ್ತದೆ. ನಾನು ಮೊದಲು ಕುಕ್ಕರ್‌ನಲ್ಲಿ ಬೇಯಿಸುತ್ತಿದ್ದೆ. ನೀರು ನೀರಾಗಿ, ಸಪ್ಪೆ. ಅತ್ತೆ ಒಂದು ದಿನ ನೋಡುತ್ತಾ ನಿಂತಿದ್ದವರು ಹೇಳಿದರು, "ಗೆಣಸನ್ನ ಸುಡಬೇಕು ಕಣಮ್ಮ. ನಮ್ಮೂರಲ್ಲಿ ನೀರೊಲೆ ಕೆಂಡದಲ್ಲಿ ಹೂತಿಡ್ತಿದ್ವಿ. ಸಿಪ್ಪೆ ಮೇಲೆ ಜೇನು ತರ ಒಸರ್ತಿತ್ತು." ಬುಧವಾರ ಸಿಪ್ಪೆ ಸಮೇತ 400 ಡಿಗ್ರಿಯಲ್ಲಿ ಒಂದು ಗಂಟೆ ಸುಟ್ಟೆ. ಅವರು ಹೇಳಿದ ಹಾಗೇ ಒಸರಿತು. ನಿಧಾನವಾಗಿ ಬಿಸಿಯಾದಾಗ ಗೆಣಸಿನೊಳಗಿನ ಪಿಷ್ಟ ಸಕ್ಕರೆಯಾಗುತ್ತದೆ, ಕುಕ್ಕರ್‌ನ ಅವಸರದಲ್ಲಿ ಅದಕ್ಕೆ ಸಮಯವೇ ಸಿಗುವುದಿಲ್ಲ. ಆಮೇಲೆ ಗೆಣಸಿನೊಳಗೆ ಬೇರೆ ಸಕ್ಕರೆ ಬೆರೆಸಬೇಕಾಗಲೇ ಇಲ್ಲ. ಟ್ರೇಯ ಮೇಲೆ ಅರ್ಧಕ್ಕೆ ಪಿಕಾನ್ ಬೀಜದ ತುಂಡು, ಬೆಣ್ಣೆ, ಕಂದು ಸಕ್ಕರೆ. ಇನ್ನರ್ಧಕ್ಕೆ ಮಗಳ ಮಾರ್ಷ್‌ಮೆಲೋ. 1917ರಲ್ಲಿ ಒಂದು ಮಾರ್ಷ್‌ಮೆಲೋ ಕಂಪನಿ ತಂದ ಅಡುಗೆ ಕಿರುಹೊತ್ತಿಗೆಯಿಂದ ಈ ಜೋಡಿ ಹಬ್ಬಿತು. ಮಾಮೂಲಿ ಮಾರ್ಷ್‌ಮೆಲೋದಲ್ಲಿ ಜೆಲಾಟಿನ್ ಇರುತ್ತದೆ, ಅದು ಪ್ರಾಣಿಗಳ ಚರ್ಮ, ಮೂಳೆಯಿಂದ ಬರುವಂಥದ್ದು. ಜೆಲಾಟಿನ್ ಇಲ್ಲದ್ದೂ ಸಿಗುತ್ತದೆ, ಹುಡುಕಿ ತನ್ನಿ.

ಮ್ಯಾಶ್ ಒಲೆಯ ಮೇಲೆ. ಯೂಕಾನ್ ಗೋಲ್ಡ್ ಆಲೂಗಡ್ಡೆ, ತಣ್ಣೀರಲ್ಲೇ ಇಟ್ಟು ಉಪ್ಪು ಹಾಕಿ ಬೇಯಿಸಬೇಕು. ನೀರು ಬಸಿದು, ಅದೇ ಪಾತ್ರೆಯಲ್ಲಿ ಎರಡು ನಿಮಿಷ ಸಣ್ಣ ಉರಿಯಲ್ಲಿ ಆಡಿಸಿದರೆ ತೇವ ಹೋಗುತ್ತದೆ. ಬೆಣ್ಣೆ ಮೊದಲು, ಬಿಸಿ ಹಾಲು ಆಮೇಲೆ. ದಯವಿಟ್ಟು ಮಿಕ್ಸಿಗೆ ಹಾಕಬೇಡಿ, ಗೋಂದಾಗುತ್ತದೆ. ಬಿಸಿ ಆರದಂತೆ ಇಡಲು ನನ್ನ ಉಪಾಯ ಇಡ್ಲಿ ಪಾತ್ರೆ: ತಳದಲ್ಲಿ ಬಿಸಿ ನೀರು, ಮೇಲೆ ಮ್ಯಾಶ್ ಬಟ್ಟಲು, ಮುಚ್ಚಳ. ಒಂದು ಗಂಟೆ ಹಾಗೇ ಇರುತ್ತದೆ. ಅಣಬೆ ಗ್ರೇವಿ ಬುಧವಾರವೇ ಮಾಡಿ ಫ್ರಿಜ್‌ನಲ್ಲಿಟ್ಟರೆ ಗುರುವಾರ ಬರೀ ಬಿಸಿ ಮಾಡುವ ಕೆಲಸ.

ಕ್ರ್ಯಾನ್‌ಬೆರಿ ಅನ್ನುವ ಕೆಂಪು ಹುಳಿ ಹಣ್ಣಿನ ಸಾಸ್ ಎಲ್ಲಕ್ಕಿಂತ ಸುಲಭ, ಎಲ್ಲಕ್ಕಿಂತ ಅಗತ್ಯ. 12 ಔನ್ಸಿನ ಒಂದು ಪ್ಯಾಕೆಟ್ ಹಣ್ಣು, ಒಂದು ಕಪ್ ಸಕ್ಕರೆ, ಒಂದು ಕಪ್ ನೀರು. ಹಣ್ಣು ಪಟಪಟ ಸಿಡಿದ ಮೇಲೆ ಹತ್ತು ನಿಮಿಷ ಕುದಿಸಿದರೆ ಆಯಿತು. ಹಣ್ಣಿನಲ್ಲೇ ಪೆಕ್ಟಿನ್ ಇರುವುದರಿಂದ ಆರಿದಾಗ ತಾನೇ ಗಟ್ಟಿಯಾಗುತ್ತದೆ. ನಾನು ಒಂದು ಚೂರು ಶುಂಠಿ, ಕಿತ್ತಳೆ ಸಿಪ್ಪೆಯ ತುರಿ ಹಾಕುತ್ತೇನೆ. ಭಾನುವಾರವೇ ಮಾಡಿಡುತ್ತೇನೆ. ಬೆಣ್ಣೆ, ಚೀಸ್, ಹಾಲಿನ ಇಷ್ಟೆಲ್ಲಾ ಅಡುಗೆಗಳ ನಡುವೆ ನಾಲಿಗೆ ಎಚ್ಚರವಾಗುವುದು ಇದೊಂದರಿಂದ.

ಹೀಗೆ ಏಳು ಆಯಿತು. ಎಂಟನೆಯದು ಸೇರಿದ ಕಥೆ ಬೇರೆ. ಮೊದಲಿನಿಂದ ನನ್ನದೊಂದು ಹಟ ಇತ್ತು. ಇದು ಇಲ್ಲಿನವರ ಹಬ್ಬ, ಇಲ್ಲಿನ ಹಾಗೇ ಮಾಡಬೇಕು, ಮ್ಯಾಶ್‌ಗೆ ಸಾಸಿವೆ ಒಗ್ಗರಣೆ ಕೊಡಬಾರದು ಅಂತ. ಯಾರಾದರೂ ನಮ್ಮ ಒಬ್ಬಟ್ಟಿಗೆ ಚಾಕೊಲೇಟ್ ತುಂಬಿ ಯುಗಾದಿ ಅಂದರೆ ನನಗೆ ಇಷ್ಟವಾಗುವುದಿಲ್ಲ. ಅದೇ ಮರ್ಯಾದೆ ಅವರ ಅಡುಗೆಗೂ ಸಲ್ಲಬೇಕು. ಆದರೆ ನಾಲ್ಕನೇ ವರ್ಷ ತಟ್ಟೆ ನೋಡುತ್ತಾ ಕೂತಾಗ ಅನ್ನಿಸಿತು, ಎಲ್ಲವೂ ಮೆತ್ತಗಿದೆ. ಹಲ್ಲಿಗೆ ಕೆಲಸವೇ ಇಲ್ಲ. ಅತ್ತೆ ಆಗ ಮೆಲ್ಲಗೆ ಅಂದರು, "ಒಂದು ಸ್ವಲ್ಪ ಕೋಸಂಬರಿ ಇದ್ದಿದ್ರೆ ಚೆನ್ನಾಗಿರ್ತಿತ್ತು." ಅವರ ಒಂದು ಐಟಂ ಅದು! ಮುಂದಿನ ವರ್ಷ ನೆನೆಸಿದ ಹೆಸರುಬೇಳೆ, ಸೌತೆಕಾಯಿ, ಕಾಯಿತುರಿ, ನಿಂಬೆಹುಳಿ, ಬಡಿಸುವ ಮುಂಚೆ ಉಪ್ಪು. ಅತ್ತೆಯೇ ಕಲಸಿದರು. ಮೊದಲು ಖಾಲಿಯಾದ ಬಟ್ಟಲು ಅದೇ. ಎದುರು ಮನೆ ಅಜ್ಜ ಮೂರು ಸಲ ಬಡಿಸಿಕೊಂಡರು.

ಸಿಹಿಗೆ ಪಂಪ್ಕಿನ್ ಪೈ. ಎದುರು ಮನೆಯವರು ಮೊಟ್ಟೆಯದ್ದು ತರುತ್ತಾರೆ. ನಾನು ಕಾರ್ನ್‌ಫ್ಲೋರ್ ಹಾಕಿ ಒಂದು ಮಾಡುತ್ತೇನೆ. ಒಂದು ರಾತ್ರಿ ಫ್ರಿಜ್‌ನಲ್ಲಿ ಇಟ್ಟರೆ ಚೆನ್ನಾಗಿ ಕೂರುತ್ತದೆ.

ಗುರುವಾರ ಬೆಳಿಗ್ಗೆ ನನಗೆ ಈಗ ಗಡಿಬಿಡಿ ಇಲ್ಲ. ಹನ್ನೊಂದೂವರೆಗೆ ಟ್ರೇಗಳನ್ನು ಫ್ರಿಜ್‌ನಿಂದ ಹೊರಗೆ ಇಡುತ್ತೇನೆ. ಹನ್ನೆರಡೂಮುಕ್ಕಾಲಿಗೆ ನಾಲ್ಕೂ ಒಳಗೆ, ಫಾಯಿಲ್ ಮುಚ್ಚಿ. ಮೇಲಿನ ಅಂತಸ್ತಿನಲ್ಲಿ ಡ್ರೆಸಿಂಗ್ ಮತ್ತು ಮ್ಯಾಕ್, ಕೆಳಗೆ ಬೀನ್ಸ್ ಮತ್ತು ಗೆಣಸು. ಒಂದೂಕಾಲಿಗೆ ಫಾಯಿಲ್ ತೆಗೆದು ಮೇಲಿನದನ್ನು ಕೆಳಗೆ, ಕೆಳಗಿನದನ್ನು ಮೇಲೆ. ಕೊನೆಯ ಐದು ನಿಮಿಷಕ್ಕೆ ಕರಿದ ಈರುಳ್ಳಿ, ಮಾರ್ಷ್‌ಮೆಲೋ. ಆ ಐದು ನಿಮಿಷ ಓವನ್ ಮುಂದಿನಿಂದ ಕದಲುವುದಿಲ್ಲ, ಮಾರ್ಷ್‌ಮೆಲೋ ಕಣ್ಣು ಮಿಟುಕಿಸುವಷ್ಟರಲ್ಲಿ ಕಪ್ಪಾಗುತ್ತದೆ. ಎರಡು ಗಂಟೆಗೆ ಊಟ.

ಉಳಿದದ್ದನ್ನು ಬಡಿಸಿದ ಎರಡು ತಾಸಿನೊಳಗೆ ಫ್ರಿಜ್‌ಗೆ ಸೇರಿಸಿ, ಯಾವ ಟ್ರೇಯಲ್ಲಿ ಎಷ್ಟು ಉಳಿಯಿತು ಅಂತ ಅವತ್ತೇ ನೋಟ್‌ಬುಕ್‌ನಲ್ಲಿ ಬರೆಯುತ್ತೇನೆ. ಕಳೆದ ಸಲ ಡ್ರೆಸಿಂಗ್ ಪೂರ್ತಿ ಖಾಲಿ, ಮ್ಯಾಕ್ ಸ್ವಲ್ಪ, ಬೀನ್ಸ್ ಕಾಲು ಭಾಗ ಉಳಿದಿತ್ತು. ಮ್ಯಾಶ್ ಶುಕ್ರವಾರ ಆಲೂ ಬೋಂಡ ಆಯಿತು. ಅದನ್ನು ತಿನ್ನುತ್ತಾ ಅತ್ತೆ ಕೇಳಿದರು, "ಆ ಕೆಂಪು ಹುಳಿ ಹಣ್ಣು ಇನ್ನೆಷ್ಟು ದಿನ ಸಿಗುತ್ತೆ? ಉಪ್ಪಿನಕಾಯಿ ಹಾಕೋಣ." ತಾಜಾ ಕ್ರ್ಯಾನ್‌ಬೆರಿ ಅಂಗಡಿಗೆ ಬರುವುದು ಈ ಕೆಲವೇ ವಾರ. ಸಂಜೆಯೇ ಹೋಗಿ ಆರು ಪ್ಯಾಕೆಟ್ ತಂದೆವು. ಎರಡು ಅವತ್ತೇ ಮೆಣಸಿನಪುಡಿ, ಮೆಂತ್ಯ, ಇಂಗಿನ ಜೊತೆ ಜಾಡಿ ಸೇರಿದವು. ನಾಲ್ಕು ಫ್ರೀಜರ್‌ನಲ್ಲಿವೆ.