ಅಂಕ ಇಳಿಯಿತು, ಸೀಟು ಸಿಕ್ಕಿತು: ತುಮಕೂರಲ್ಲೇ ಕೂತು ಮಾಡಿದ ನೀಟ್ ರಿಪೀಟ್

ಮೆಡಿಕಲ್ ಸೀಟಿಗೆ ಬರೆಯುವ ನೀಟ್‌ನಲ್ಲಿ 2024ರಲ್ಲಿ 720ಕ್ಕೆ 560ರ ಹತ್ತಿರ ಬಂದಿತ್ತು, ರ್‍ಯಾಂಕ್ ಒಂದೂವರೆ ಲಕ್ಷದ ಆಸುಪಾಸು. 2025ರಲ್ಲಿ ಬಂದದ್ದು 540 ಚಿಲ್ಲರೆ, ರ್‍ಯಾಂಕ್ ಇಪ್ಪತ್ತು ಸಾವಿರದೊಳಗೆ. "ಇಪ್ಪತ್ತು ಮಾರ್ಕ್ಸ್ ಕಮ್ಮಿ ತಗೊಳ್ಳೋಕೆ ಒಂದು ವರ್ಷ ಮನೇಲಿ ಕೂತ್ಕೋಬೇಕಿತ್ತಾ?" ಅಂತ ಕೇಳಿದವರಿಗೆಲ್ಲ ರ್‍ಯಾಂಕ್ ತೋರಿಸಿ ಸುಮ್ಮನಾದೆ. 2024ರಲ್ಲಿ ಮೊದಲ ಫಲಿತಾಂಶ ಬಂದಾಗ 67 ಜನಕ್ಕೆ 720ಕ್ಕೆ 720 ಇತ್ತು. 2025ರಲ್ಲಿ ದೇಶಕ್ಕೇ ಮೊದಲು ಬಂದವರದ್ದು 686. ರಿಪೀಟ್ ಮಾಡುವವರು ಗೋಡೆ ಮೇಲೆ "650+" ಅಂತ ಬರೆದು ಅಂಟಿಸೋದು ಇದಕ್ಕೇ ದಂಡ. ಮಾಕ್ ಟೆಸ್ಟಿನಲ್ಲೂ ಅಂಕ ಬಿಟ್ಟು, ಆ ದಿನ ಬರೆದವರಲ್ಲಿ ನಾವೆಷ್ಟನೆಯವರು ಅನ್ನೋದನ್ನ ಮಾತ್ರ ಬರೆದಿಟ್ಟುಕೊಳ್ಳಿ.

ಬೆಂಗಳೂರಿಗೆ ಹೋಗದೆ ಲಾಂಗ್ ಟರ್ಮ್, ಅಂದರೆ ರಿಪೀಟರ್‌ಗಳ ವರ್ಷಪೂರ್ತಿ ಕೋಚಿಂಗ್, ಆಗೋದೇ ಇಲ್ಲ ಅನ್ನೋದು ನಮ್ಮ ಕಡೆ ಗಟ್ಟಿಯಾಗಿ ಕೂತುಬಿಟ್ಟಿರುವ ನಂಬಿಕೆ. ಆಗ ಅಲ್ಲಿ ವಿಚಾರಿಸಿದಾಗ ಫೀಸೇ ಒಂದು ಲಕ್ಷದ ಮೇಲೆ. ಪಿಜಿ, ಊಟ ಸೇರಿ ತಿಂಗಳಿಗೆ ಒಂಬತ್ತು ಹತ್ತು ಸಾವಿರ. ವರ್ಷಕ್ಕೆ ಎರಡು ಲಕ್ಷ ಆರಾಮಾಗಿ ದಾಟುತ್ತಿತ್ತು. ನನಗೆ ತುಮಕೂರಲ್ಲಿ ಒಟ್ಟು ಆದದ್ದು ಮೂವತ್ತೈದು ಸಾವಿರದೊಳಗೆ. ರೀಡಿಂಗ್ ರೂಮಿಗೆ ತಿಂಗಳಿಗೆ ಏಳುನೂರರಂತೆ ಹತ್ತು ತಿಂಗಳು. ಎರಡು ಟೆಸ್ಟ್ ಸೀರೀಸ್ ಸೇರಿ ಆರೂವರೆ ಸಾವಿರ. ರಿಟೈರ್ ಆದ ಫಿಸಿಕ್ಸ್ ಮೇಷ್ಟ್ರೊಬ್ಬರಿಗೆ ತಿಂಗಳಿಗೆ ಒಂದೂವರೆ ಸಾವಿರ, ಅದೂ ಆರು ತಿಂಗಳು ಮಾತ್ರ. ಅವರ ಹತ್ತಿರ ಪಾಠ ಹೇಳಿಸಿಕೊಳ್ಳಲಿಲ್ಲ, ವಾರದಲ್ಲಿ ಕೂಡಿಟ್ಟ ತಪ್ಪು ಲೆಕ್ಕಗಳನ್ನ ಮುಂದಿಟ್ಟು ಕೂರುವುದು ಅಷ್ಟೇ. ಪುಸ್ತಕ, ಝೆರಾಕ್ಸ್, ಅರ್ಜಿ ಶುಲ್ಕ, ಬೆಂಗಳೂರಿನಲ್ಲಿ ಬರೆದ ಕೆಲವು ಟೆಸ್ಟ್‌ಗಳಿಗೆ ರೈಲು ಚಾರ್ಜು, ಇವೆಲ್ಲ ಉಳಿದದ್ದು.

ಇದರಲ್ಲಿ ನೀರಿಗೆ ಹೋದದ್ದು ಕೋಚಿಂಗ್‌ನವರ ಪುಸ್ತಕಗಳ ಸೆಕೆಂಡ್ ಹ್ಯಾಂಡ್ ಮಾಡ್ಯೂಲ್ ಸೆಟ್. ಕಡಿಮೆಗೆ ಸಿಗುತ್ತೆ ಅಂತ ಯಾರೂ ಮುಟ್ಟಬೇಡಿ. 2024ರ ಪರೀಕ್ಷೆಯಿಂದ ಸಿಲಬಸ್ ಕತ್ತರಿಸಿದ್ದಾರೆ. ಕೆಮಿಸ್ಟ್ರಿಯಲ್ಲಿ ಸಾಲಿಡ್ ಸ್ಟೇಟ್, ಸರ್ಫೇಸ್ ಕೆಮಿಸ್ಟ್ರಿ, ಎಸ್ ಬ್ಲಾಕ್, ಪಾಲಿಮರ್ ಹೋಗಿವೆ. ಬಯಾಲಜಿಯಲ್ಲಿ ಡೈಜೆಶನ್, ಮಿನರಲ್ ನ್ಯೂಟ್ರಿಶನ್, ಎನ್ವಿರಾನ್‌ಮೆಂಟಲ್ ಇಶ್ಯೂಸ್ ಇಲ್ಲ. ಹಳೆ ಸೆಟ್‌ನಲ್ಲಿ ಇವೆಲ್ಲ ದಪ್ಪದಪ್ಪ ಪುಟಗಳು. ಇನ್ನೂ ಕೆಟ್ಟದ್ದೆಂದರೆ ಹೊಸದಾಗಿ ಸೇರಿದ್ದು ಆ ಸೆಟ್‌ನಲ್ಲಿ ಸರಿಯಾಗಿ ಇರಲೇ ಇಲ್ಲ. ಫಿಸಿಕ್ಸ್‌ನಲ್ಲಿ ಪ್ರಯೋಗದ ಭಾಗ, ಕೆಮಿಸ್ಟ್ರಿಯಲ್ಲಿ ಪ್ರಾಕ್ಟಿಕಲ್‌ಗೆ ಸಂಬಂಧಪಟ್ಟ ತತ್ವಗಳು, ಬಯಾಲಜಿಯಲ್ಲಿ ಮಾಲ್ವೇಸಿ, ಕ್ರೂಸಿಫೆರಿ, ಕಂಪಾಸಿಟೆ ಥರದ ಸಸ್ಯ ಕುಟುಂಬಗಳು. ಮೊದಲ ದಿನವೇ ಸಿಲಬಸ್ ಪಿಡಿಎಫ್ ಪ್ರಿಂಟ್ ತೆಗೆಸಿ, ಸಾಲು ಸಾಲಾಗಿ ಟಿಕ್ ಹಾಕುತ್ತಾ ಎನ್‌ಸಿಇಆರ್‌ಟಿ ಜೊತೆ ತಾಳೆ ನೋಡಿ. ಅರ್ಧ ದಿನದ ಕೆಲಸ.

ಇನ್ನು ಅಸಲು ವಿಷಯ. ರಿಪೀಟರ್‌ಗೆ ಪಾಠ ಮತ್ತೆ ಬೇಕಾಗಿಲ್ಲ. ಪಾಠ ಕೇಳಿದರೆ ಎಲ್ಲಾ ಗೊತ್ತಿದೆ ಅನ್ನಿಸುತ್ತೆ, ಅನ್ನಿಸೋದರಲ್ಲೇ ಅಕ್ಟೋಬರ್ ಬಂದುಬಿಡುತ್ತೆ. ನಾನು ಮಾಡಿದ್ದು ತಪ್ಪಿನ ಲೆಕ್ಕದ ಪುಸ್ತಕ. ಅಂಗಡಿಗಳಲ್ಲಿ ಸಾಲ ಬರೆಯುವ ಉದ್ದನೆಯ ಪುಸ್ತಕವೇ ಬೇಕು, ಸಾಮಾನ್ಯ ನೋಟ್‌ಬುಕ್ಕಿನಲ್ಲಿ ಕಾಲಂ ಸಾಲುವುದಿಲ್ಲ. ತಪ್ಪಾದ ಪ್ರತಿ ಪ್ರಶ್ನೆಗೂ ಒಂದು ಸಾಲು, ಸಾಲಿನ ಮುಂದೆ ಒಂದು ಅಕ್ಷರ. 'ಇ' ಅಂದರೆ ಗೊತ್ತೇ ಇರಲಿಲ್ಲ. 'ಮ' ಅಂದರೆ ಓದಿದ್ದು ಮರೆತದ್ದು. 'ಓ' ಅಂದರೆ ಪ್ರಶ್ನೆಯನ್ನೇ ತಪ್ಪು ಓದಿದ್ದು. 'ಲ' ಅಂದರೆ ಲೆಕ್ಕ ಜಾರಿದ್ದು. ಸರಿ ಉತ್ತರ ಬರೆಯಬಾರದು, ಪುಟದ ನಂಬರ್ ಮಾತ್ರ ಬರೆಯಬೇಕು. ಉತ್ತರ ಬರೆದಿಟ್ಟರೆ ಕಣ್ಣು ಓಡಿಸಿ ಮುಂದೆ ಹೋಗುತ್ತೇವೆ. ಪುಟದ ನಂಬರ್ ಇದ್ದರೆ ಪುಸ್ತಕ ತೆಗೆಯಲೇಬೇಕು.

ಒಂದು ಸಾಲನ್ನೇ ತಗೊಳ್ಳಿ. ಉಸಿರಾಟದ ಅಧ್ಯಾಯ, ಫಂಕ್ಷನಲ್ ರೆಸಿಡ್ಯುಯಲ್ ಕೆಪಾಸಿಟಿ ಕೇಳಿದ್ದರು. ಎಕ್ಸ್‌ಪಿರೇಟರಿ ರಿಸರ್ವ್ 1000ರಿಂದ 1100 ಮಿಲೀ, ರೆಸಿಡ್ಯುಯಲ್ 1100ರಿಂದ 1200. ಎರಡನ್ನೂ ಕೂಡಿದರೆ ಉತ್ತರ. ಆದರೆ ಕೈ ಹೋದದ್ದು ಟೈಡಲ್ 500ಕ್ಕೆ ಇನ್‌ಸ್ಪಿರೇಟರಿ ರಿಸರ್ವ್ ಸೇರಿಸಿದ ಆಯ್ಕೆಗೆ. ಅದು ಇನ್‌ಸ್ಪಿರೇಟರಿ ಕೆಪಾಸಿಟಿ. ಇದು 'ಮ' ಅನ್ನಿಸುತ್ತೆ, ಆದರೆ ಅಲ್ಲ. ಸಂಖ್ಯೆಗಳೆಲ್ಲ ನೆನಪಿದ್ದವು, ಪ್ರಶ್ನೆ ಓದುವಾಗ ಹೆಸರು ಅದಲುಬದಲಾಗಿತ್ತು. ಹಾಗಾಗಿ 'ಓ'. ಮದ್ದು ಬೇರೆಯಾಗುವುದು ಇಲ್ಲೇ: 'ಮ'ಕ್ಕೆ ಮತ್ತೆ ಓದಬೇಕು, 'ಓ'ಗೆ ಓದಿ ಪ್ರಯೋಜನವಿಲ್ಲ, ಪ್ರಶ್ನೆಯಲ್ಲಿ ಕೇಳಿದ ಪದದ ಕೆಳಗೆ ಗೆರೆ ಎಳೆಯುವ ಚಟ ಹಿಡಿಸಿಕೊಳ್ಳಬೇಕು. ಫಿಸಿಕ್ಸ್‌ನಲ್ಲೂ ಇದೇ ಕಥೆ. ಎರಡೂ ಕಡೆ ಒಂದೇ ಸಮ ಉಬ್ಬಿದ ಲೆನ್ಸ್ ಕತ್ತರಿಸುವ ಪ್ರಶ್ನೆ ಯಾರಿಗೆ ಗೊತ್ತಿಲ್ಲ? ಅಕ್ಷದ ಉದ್ದಕ್ಕೆ ಸೀಳಿದರೆ ಫೋಕಲ್ ಲೆಂಗ್ತ್ ಹಾಗೇ ಇರುತ್ತೆ, ಅಡ್ಡಕ್ಕೆ ಕೊಯ್ದರೆ ದುಪ್ಪಟ್ಟು. ಚಿತ್ರ ನೋಡದೆ ಉತ್ತರ ಹಾಕಿದರೆ ಐದು ಅಂಕ ಹೋಯಿತು, ಬರಬೇಕಿದ್ದ ನಾಲ್ಕು, ಕೈಯಿಂದ ಒಂದು.

ಮೂರು ತಿಂಗಳ ಸಾಲುಗಳನ್ನ ಎಣಿಸಿದಾಗ 'ಇ' ಐದರಲ್ಲಿ ಒಂದರಷ್ಟೂ ಇರಲಿಲ್ಲ. ಮಿಕ್ಕದ್ದೆಲ್ಲ ಗೊತ್ತಿದ್ದೂ ಹೋದ ಅಂಕ, ಅದರಲ್ಲೂ ಅರ್ಧಕ್ಕಿಂತ ಜಾಸ್ತಿ ಫಸ್ಟ್ ಪಿಯುಸಿ ಭಾಗದ್ದು. ಲಕ್ಷ ಕೊಟ್ಟು ಮತ್ತೆ ಪಾಠ ಕೇಳಿದರೂ ಇದು ಸರಿಹೋಗುತ್ತಿರಲಿಲ್ಲ. ಆ ಪುಸ್ತಕವನ್ನ ಯಾವ ಅಂತರದಲ್ಲಿ, ಯಾವ ಕ್ರಮದಲ್ಲಿ ತಿರುವಿ ಹಾಕುತ್ತಿದ್ದೆ ಅನ್ನೋದನ್ನ ಇಲ್ಲಿ ಬರೆಯೋದಿಲ್ಲ, ನನ್ನ ತಮ್ಮ ಈ ವರ್ಷ ನೀಟ್ ಬರೀತಿದ್ದಾನೆ.

ಊಹೆ ಹೊಡೆಯುವ ಬಗ್ಗೆ ಒಂದು ಪ್ರಯೋಗ ಮಾಡಿದೆ. ಲೆಕ್ಕದ ಪ್ರಕಾರ ಕಣ್ಣುಮುಚ್ಚಿ ಹೊಡೆದರೂ ಪ್ರಶ್ನೆಗೆ ಸರಾಸರಿ ಕಾಲು ಅಂಕ ಲಾಭವೇ. ಎರಡು ಆಯ್ಕೆ ತೆಗೆದುಹಾಕಿ ಉಳಿದೆರಡರಲ್ಲಿ ಹೊಡೆದರೆ ಒಂದೂವರೆ. ಮಾಕ್‌ಗಳಲ್ಲಿ ಊಹೆ ಮಾಡಿದ ಪ್ರಶ್ನೆಗಳ ಪಕ್ಕ ಚುಕ್ಕೆ ಇಟ್ಟು ಆಮೇಲೆ ಎಣಿಸಿದೆ. ಎರಡು ಉಳಿದಾಗ ನೂರಕ್ಕೆ ಅರವತ್ತರಷ್ಟು ಸರಿ. ಕಣ್ಣುಮುಚ್ಚಿದಾಗ ಐದಕ್ಕೊಂದೂ ಇಲ್ಲ, ಅಂದರೆ ಲಾಭ ಸೊನ್ನೆಗೂ ಕೆಳಗೆ. ಪ್ರಶ್ನೆ ತೆಗೆಯುವವರು ನಮ್ಮ ಕೈ ಎಲ್ಲಿ ಹೋಗುತ್ತೆ ಅಂತ ನೋಡಿಯೇ ಆಯ್ಕೆ ಇಟ್ಟಿರುತ್ತಾರೆ. ಅಂದಿನಿಂದ ಎರಡಕ್ಕೆ ಇಳಿಸಲು ಆದರೆ ಹೊಡಿ, ಆಗದಿದ್ದರೆ ಬಿಡು.

ಭಾನುವಾರದ ಮಾಕ್ ಮಧ್ಯಾಹ್ನ 2ರಿಂದ 5ಕ್ಕೇ ಬರೆಯಬೇಕು, ಪರೀಕ್ಷೆ ಆ ಹೊತ್ತಿಗೇ ಇರೋದು. ಬೆಳಗ್ಗೆ ಬರೆದ ಮಾಕ್‌ಗಳ ಅಂಕ ಯಾವಾಗಲೂ ಹುಸಿ. 1:30ಕ್ಕೆ ಗೇಟ್ ಹಾಕುತ್ತಾರೆ, ಅಂದಮೇಲೆ ಊಟ 11ಕ್ಕೇ ಮುಗಿಯಬೇಕು. ಇದಕ್ಕೂ ಪ್ರಯೋಗ ಆಯಿತು. ಅನ್ನ ಸಾರು ಹೊಟ್ಟೆ ತುಂಬ ಹೊಡೆದ ದಿನ ಕೆಮಿಸ್ಟ್ರಿ ನಡುವೆ ತೂಕಡಿಕೆ. ಬರೀ ಅವಲಕ್ಕಿ ತಿಂದ ದಿನ ನಾಲ್ಕಕ್ಕೇ ಹಸಿವು. 11ಕ್ಕೆ ಒಂದು ಸಣ್ಣ ಮುದ್ದೆ, ಸೊಪ್ಪಿನ ಸಾರು ಸರಿಹೋಯಿತು. ಉತ್ತರಕ್ಕೆ ಗೋಲ ತುಂಬುವ ಓಎಂಆರ್ ಶೀಟಿನ ಝೆರಾಕ್ಸ್ ಒಂದೂವರೆ ರೂಪಾಯಿ, ನೂರು ಒಟ್ಟಿಗೆ ಹೊಡೆಸಿ. ಮೊಬೈಲಲ್ಲಿ ಒತ್ತಿ ಟೆಸ್ಟ್ ಬರೆಯುವವರಿಗೆ ಗೋಲ ತುಂಬುವುದಕ್ಕೇ ಹತ್ತು ನಿಮಿಷ ಹೋಗುತ್ತೆ ಅನ್ನೋದು ಪರೀಕ್ಷೆ ದಿನವೇ ಗೊತ್ತಾಗೋದು. ಏಪ್ರಿಲ್‌ನಲ್ಲಿ ಕರೆಂಟ್ ಹೋದಾಗಲೂ ಫ್ಯಾನ್ ಇಲ್ಲದೆ ಬರೆದೆ, ಸೆಂಟರಿನಲ್ಲಿ ಫ್ಯಾನ್ ಕೆಳಗೇ ಜಾಗ ಸಿಗುತ್ತೆ ಅಂತ ಏನು ಗ್ಯಾರಂಟಿ?

2025ರ ಜನವರಿಯಲ್ಲಿ ಇದ್ದಕ್ಕಿದ್ದಂತೆ ಪ್ಯಾಟರ್ನ್ ಬದಲಾಯಿತು. 200 ಪ್ರಶ್ನೆಯಲ್ಲಿ 180 ಆರಿಸಿಕೊಳ್ಳುವ ಸವಲತ್ತು ಹೋಗಿ, 180 ನಿಮಿಷಕ್ಕೆ 180 ಪ್ರಶ್ನೆ ಕಡ್ಡಾಯವಾಯಿತು. ಬಯಾಲಜಿ 90 ಪ್ರಶ್ನೆಯನ್ನ 45 ನಿಮಿಷದಲ್ಲಿ ಮುಗಿಸದಿದ್ದರೆ ಫಿಸಿಕ್ಸ್ ಕೈಗೇ ಸಿಗಲ್ಲ. ನನ್ನ ಹಂಚಿಕೆ ಬಯಾಲಜಿ 45, ಕೆಮಿಸ್ಟ್ರಿ 50, ಫಿಸಿಕ್ಸ್ 70, ಕೊನೆಗೆ ಹದಿನೈದು ನಿಮಿಷ ಬಿಟ್ಟವುಗಳಿಗೆ. ಓಎಂಆರ್ ಮಾತ್ರ ಪುಟ ಮುಗಿದಂತೆ ಮುಗಿದಂತೆ ತುಂಬಿದೆ. 2025ರ ಫಿಸಿಕ್ಸ್ ನೋಡಿ ಪರೀಕ್ಷಾ ಕೊಠಡಿಯಲ್ಲೇ ಅತ್ತವರಿದ್ದರು. ನನಗೂ ಹದಿನೈದಕ್ಕೂ ಮೇಲೆ ಬಿಟ್ಟುಹೋದವು, ಆದರೆ ಬಿಡಲು ಕಲಿತಿದ್ದೇ ರ್‍ಯಾಂಕ್ ಕೊಟ್ಟಿದ್ದು.

ಕೆಲಸಕ್ಕೆ ಬಾರದವು ಬೇಕಾದಷ್ಟಿವೆ. ದಿನಕ್ಕೊಂದು ಫುಲ್ ಮಾಕ್ ಬರೆದರೆ ತಪ್ಪು ನೋಡಲು ಪುರುಸೊತ್ತೇ ಸಿಗುವುದಿಲ್ಲ. ವಾರಕ್ಕೆ ಒಂದು, ಮಾರ್ಚ್ ಮೇಲೆ ಎರಡು ಸಾಕು. ಬಣ್ಣದ ಪೆನ್ನಿನ ನೋಟ್ಸ್ ಶುದ್ಧ ಕಾಲಹರಣ. ಟೆಲಿಗ್ರಾಂನಲ್ಲಿ ಬರುವ ಪಿಡಿಎಫ್ ರಾಶಿ ಇನ್ನೂ ದೊಡ್ಡದು.

ಸಿಇಟಿ ಬಿಡಬೇಡಿ, ರಾಜ್ಯದ ಪಶುವೈದ್ಯಕೀಯ, ಕೃಷಿ ಸೀಟು ಹೆಚ್ಚಾಗಿ ಅಲ್ಲೇ ಸಿಗೋದು. ಆದರೆ ಒಂದು ಎಚ್ಚರ. 2025ರಲ್ಲಿ ಸಿಇಟಿ ಏಪ್ರಿಲ್ 16, 17ಕ್ಕೆ, ನೀಟ್ ಮೇ 4ಕ್ಕೆ. ಸಿಇಟಿಯಲ್ಲಿ ನೆಗೆಟಿವ್ ಇಲ್ಲ, ಅರವತ್ತಕ್ಕೆ ಅರವತ್ತೂ ತುಂಬಿಯೇ ಬರುತ್ತೇವೆ. ಆ ಚಟ ಕೈಯಿಂದ ಹೋಗೋಕೆ ನನಗೆ ಎರಡು ಮಾಕ್ ಬೇಕಾಯಿತು.

ಕಾಗದ ಪತ್ರದ ಕೆಲಸ ಓದಿಗಿಂತ ಕಮ್ಮಿಯಲ್ಲ. ಗ್ರಾಮೀಣ ಮೀಸಲಾತಿಗೆ 1ರಿಂದ 10ನೇ ತರಗತಿವರೆಗೆ ಹತ್ತೂ ವರ್ಷ ಹಳ್ಳಿ ಶಾಲೆಯಲ್ಲೇ ಓದಿರಬೇಕು. ಒಂದು ವರ್ಷ ಪೇಟೆ ಶಾಲೆಗೆ ಹೋಗಿದ್ದರೂ ಸಿಗಲ್ಲ. ಕನ್ನಡ ಮಾಧ್ಯಮಕ್ಕೂ ಹತ್ತು ವರ್ಷ. ಎರಡಕ್ಕೂ ಬಿಇಒ ಸಹಿ ಬೇಕು, ಶಾಲೆಗೆ ರಜೆ ಶುರುವಾಗುವ ಮೊದಲೇ ಮುಗಿಸಿಕೊಳ್ಳಿ. ಜಾತಿ, ಆದಾಯ ಪತ್ರದ ಆರ್‌ಡಿ ನಂಬರ್ ಚಾಲ್ತಿಯಲ್ಲಿದೆಯಾ ನೋಡಿ. ನೀಟ್ ಅರ್ಜಿಯಲ್ಲಿ ಒಬಿಸಿ ಅನ್ನೋದು ಕೇಂದ್ರದ ಪಟ್ಟಿ. ನಮ್ಮ ರಾಜ್ಯದ ಪಟ್ಟಿಯ 3ಎ, 3ಬಿ ಪತ್ರ ಇದೆ ಅಂತ ಅದನ್ನ ಒತ್ತಿ, ಫೀಸು 1700ರ ಬದಲು 1600 ಕಟ್ಟಿ ನೂರು ರೂಪಾಯಿ ಉಳಿಸಿದವರು ಆಮೇಲೆ ಕೇಂದ್ರದ ಪತ್ರವಿಲ್ಲದೆ ಪರದಾಡಿದ್ದಾರೆ.

ರಾಜ್ಯದಲ್ಲಿ ಸೀಟು ಹಂಚುವ ಕೆಇಎಯ ಮೊದಲ ಸುತ್ತಿನಲ್ಲಿ ದೂರದ ಊರಿನ ಸರ್ಕಾರಿ ಸೀಟು ಬಂತು. ಚಾಯ್ಸ್ 2 ಕೊಟ್ಟೆ, ಅಂದರೆ ಆ ಸೀಟು ಇಟ್ಟುಕೊಂಡೇ ಮುಂದಿನ ಸುತ್ತಿಗೆ ಕಾದೆ. ಎರಡನೇ ಸುತ್ತಿನಲ್ಲಿ ಚಿಕ್ಕಬಳ್ಳಾಪುರಕ್ಕೆ ಬಂದೆ. ಚಾಯ್ಸ್ 2 ಕೊಡುವವರು ಒಂದು ನೋಡಿಕೊಳ್ಳಿ: ಕೈಲಿರುವ ಸೀಟಿಗಿಂತ ಮೇಲೆ ಬರೆದ ಯಾವುದೇ ಕಾಲೇಜು ಸಿಕ್ಕಿದರೂ ಹಳೆ ಸೀಟು ತಾನಾಗಿ ರದ್ದಾಗುತ್ತೆ, ವಾಪಸ್ ಕೇಳೋಕಾಗಲ್ಲ. ಮನಸ್ಸಿಲ್ಲದ ಖಾಸಗಿ ಕಾಲೇಜು ಏನಾದರೂ ಮೇಲ್ಗಡೆ ಉಳಿದಿದ್ದರೆ, ಎರಡನೇ ಸುತ್ತಿಗೆ ಆಪ್ಷನ್ ತಿದ್ದಲು ಬಿಟ್ಟ ಕೂಡಲೇ ಅಳಿಸಿಹಾಕಿ.